ಮಂಗಳದ ಕಾವಲುಗಾರ್ತಿಗೆ ಮಕ್ಕಳ ಮ್ಯಾಟಿನ ಕವಚ

ಅಂಟು ಹಚ್ಚಿಟ್ಟು ಟೀ ಕುಡಿದು ಬರುವಷ್ಟರಲ್ಲಿ ಹೆಲ್ಮೆಟ್‌ನ ಹಣೆಯಲ್ಲಿ ಗುಳಿ ಬಿದ್ದಿತ್ತು. ಬಿಳಿ ಥರ್ಮೊಕೋಲ್ ಕರಗಿ, ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿತ್ತು. ಎರಡು ಭಾನುವಾರ ಕೂತು ಕೊರೆದ ಹೆಲ್ಮೆಟ್ ಅದು. ರಬ್ಬರ್ ಅಂಟಿನಲ್ಲಿರುವ ದ್ರಾವಕ ಥರ್ಮೊಕೋಲನ್ನು ತಿಂದುಹಾಕುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ತುಂಬಾ ಬೇಜಾರಾಯಿತು. ಆದರೆ ಅವತ್ತಿನಿಂದ ಒಂದು ಅಭ್ಯಾಸ ಬಂತು. ಯಾವುದೇ ಹಾಳೆ ತಂದರೂ ಮೊದಲು ಅಂಗೈಯಷ್ಟು ತುಂಡು ಕತ್ತರಿಸಿ, ಅದಕ್ಕೆ ಅಂಟು ಹಚ್ಚಿ, ಬಿಸಿ ತೋರಿಸಿ, ಬಣ್ಣ ಬಳಿದು ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಅದು ಹೇಗಿದೆ ನೋಡಿ ಮುಂದಿನ ಮಾತು.

ನಾನು ಮಾಡಹೊರಟದ್ದು ಬೆಂಗಳೂರಿನ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್ ಪ್ರಿಯರು ಪಾತ್ರಗಳ ವೇಷದಲ್ಲಿ ಸೇರುವ ಜಾತ್ರೆಗೆ, ಹಾಕಿಕೊಂಡು ಹೋಗುವ ಕವಚ. ಪಾತ್ರ ನನ್ನದೇ, ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದು. ಮಂಗಳ ಗ್ರಹದಲ್ಲಿ ಗಣಿ ಕಾಯುವ ಹೆಂಗಸು. ಎದೆ, ಬೆನ್ನು, ಎರಡು ಭುಜ, ಎರಡು ಮುಂಗೈ, ಎರಡು ತೊಡೆ, ಎರಡು ಮೊಣಕಾಲಿನ ಕೆಳಗಿನ ಭಾಗ, ಒಂದು ಹೆಲ್ಮೆಟ್. ಒಟ್ಟು 11 ತುಂಡು. ಕೈಯಲ್ಲಿ 4 ತಿಂಗಳಿತ್ತು. ಎರಡು ಕೋಣೆಯ ಬಾಡಿಗೆ ಮನೆ, ಒಂದು ಪುಟ್ಟ ಬಾಲ್ಕನಿ. ಮೆಷಿನ್ ಅಂತ ಏನೂ ಇರಲಿಲ್ಲ.

ಕವಚ ಅಂದರೆ ಗಟ್ಟಿ ಇರಬೇಕು ಅಂತ ಎಲ್ಲರಿಗೂ ಮೊದಲು ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಆಮೇಲೆ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ, ನೆನಪಾಯಿತು. ನಮ್ಮೂರು ಕುಂದಾಪುರದ ಹತ್ತಿರ. ನನ್ನ ಮಾವ ಮೇಳದಲ್ಲಿ ವೇಷ ಮಾಡುತ್ತಿದ್ದರು. ಚಿಕ್ಕವಳಿದ್ದಾಗ ಆಟಕ್ಕೆ ಹೋದರೆ ನಾನು ರಂಗಸ್ಥಳದ ಮುಂದೆ ಕೂತದ್ದಕ್ಕಿಂತ ಚೌಕಿಯಲ್ಲಿ ನಿಂತದ್ದೇ ಜಾಸ್ತಿ. ಒಮ್ಮೆ ಮಾವ ಭುಜಕ್ಕೆ ಕಟ್ಟುವ ತಮ್ಮ ಆಭರಣ, ಭುಜಕೀರ್ತಿ, ನನ್ನ ಕೈಗಿಟ್ಟು ‘ಹಿಡ್ಕೊ ಕಾಂಬ’ ಅಂದರು. ಭಾರ ಇರುತ್ತದೆ ಅಂತ ಎರಡೂ ಕೈ ಬಿಗಿಹಿಡಿದು ಚಾಚಿದ್ದೆ. ಅದು ಹಗುರವಾಗಿ ಮೇಲೆದ್ದುಬಿಟ್ಟಿತು. ಹಗುರ ಮರ ಕೆತ್ತಿ, ಮೇಲೆ ಬಂಗಾರದ ಬಣ್ಣದ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ್ದು ಅದು. ದೂರದಿಂದ ನೋಡುವವರಿಗೆ ಚಿನ್ನ. ಹಾಕಿಕೊಂಡವರಿಗೆ ರಾತ್ರಿಯಿಡೀ ಕುಣಿಯುವಷ್ಟು ಹಗುರ. ನನ್ನ ಕವಚಕ್ಕೂ ಇದೇ ಅಳತೆಗೋಲು ಇಟ್ಟುಕೊಂಡೆ. ಹಾಕಿಕೊಂಡು ಕೂರಲು, ಏಳಲು, ಮೆಟ್ಟಿಲು ಹತ್ತಲು ಆಗಬೇಕು. ಅದಕ್ಕೆ ಒಪ್ಪದ ಸಾಮಾನು ಎಷ್ಟು ಚೆಂದ ಕಂಡರೂ ಬೇಡ.

ಮೊದಲು ಕೈಗೆ ಸಿಕ್ಕಿದ್ದು ರಟ್ಟು. ಫ್ರಿಜ್ ಬಂದ ಡಬ್ಬ ಬಿಚ್ಚಿ ಎದೆಯ ತುಂಡು ಮಾಡಿದೆ. ರಟ್ಟಿನ ಒಳಗಿನ ಅಲೆ ಯಾವ ಕಡೆಗಿದೆಯೋ ಅದರಂತೆ ಒಂದೇ ದಿಕ್ಕಿಗೆ ಬಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಮುರಿಯುತ್ತದೆ. ಬೆವರು ತಾಗಿದರೆ ಮೆತ್ತಗಾಗುತ್ತದೆ. ಹಾಗಂತ ನಾನು ರಟ್ಟನ್ನು ಬಿಡಲಿಲ್ಲ. ಅಳತೆ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ. 11 ತುಂಡನ್ನೂ ಮೊದಲು ರಟ್ಟು, ಹಳೇ ಪೇಪರಿನಲ್ಲಿ ಮಾಡಿ, ಟೇಪ್ ಹಾಕಿ ಮೈಗೆ ಕಟ್ಟಿಕೊಂಡು ಮನೆಯೆಲ್ಲ ಓಡಾಡಿದೆ. ಕೈ ಎತ್ತಿದಾಗ ಎದೆಯ ತುಂಡು ಗಂಟಲಿಗೆ ಒತ್ತುತ್ತದೆ ಅಂತ ಗೊತ್ತಾದದ್ದು ಆಗಲೇ.

ಆಮೇಲೆ ಸನ್‌ಬೋರ್ಡ್. ಅಂಗಡಿಗಳ ಬೋರ್ಡಿಗೆ ಹಾಕುವ ಪಿವಿಸಿ ಹಾಳೆ. 3 ಎಂಎಂ ತಂದೆ. ಕತ್ತರಿಸಲು ಸುಲಭ, ಅಂಚು ಚೂಪಾಗಿ ಬರುತ್ತದೆ, ನುಣುಪು ಮೈ, ಬಣ್ಣ ಚೆನ್ನಾಗಿ ಕೂರುತ್ತದೆ. ಬಿಸಿ ಮಾಡಿದರೆ ಬಗ್ಗುತ್ತದೆ ಕೂಡ. ತೊಡೆಯ ತುಂಡು ಮಾಡಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತೆ. ಅಂಚು ತೊಡೆಸಂದಿಗೆ ಚುಚ್ಚಿ ಕೆಂಪು ಗೆರೆ ಬಿತ್ತು. ಮೈಯ ಜೊತೆ ಬಗ್ಗುವ ಜಾಗಕ್ಕೆ ಅದು ಆಗುವುದಿಲ್ಲ. ಸೊಂಟದ ಪಟ್ಟಿಯ ಪುಟ್ಟ ಡಬ್ಬಗಳಿಗೆ, ಎದೆಯ ಲಾಂಛನಕ್ಕೆ ಮಾತ್ರ ಬಳಸಿದೆ. ಅಲ್ಲಿ ಅದು ಸೊಗಸಾಗಿ ನಿಂತಿದೆ. ಒಂದು ಎಚ್ಚರಿಕೆ: ಪಿವಿಸಿ ಸುಟ್ಟು ಕಪ್ಪಾಗುವಷ್ಟು ಬಿಸಿ ಮಾಡಬೇಡಿ. ಬರುವ ಹೊಗೆ ವಿಷ.

ಪೇಪರ್ ಮಾಡೆಲ್ ಮೇಲೆ ರೆಸಿನ್ ಅನ್ನುವ ಗಟ್ಟಿಯಾಗುವ ದ್ರವ ಮತ್ತು ಗಾಜಿನ ನಾರಿನ ಫೈಬರ್‌ಗ್ಲಾಸ್ ಹಾಕುವ ದಾರಿಯೂ ಇದೆ. ಕಲ್ಲಿನಂಥ ಹೆಲ್ಮೆಟ್ ಬರುತ್ತದೆ. ಆದರೆ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡನರ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಉಜ್ಜುವಾಗ ಗಾಜಿನ ನಾರು ಗಾಳಿಯಲ್ಲಿ ತೇಲುತ್ತದೆ. ಪಕ್ಕದ ಮನೆಯಲ್ಲಿ ಪುಟ್ಟ ಮಗು ಇತ್ತು. ಆ ಬಾಲ್ಕನಿಯಲ್ಲಿ ಅದು ಬೇಡವೇ ಬೇಡ ಅಂತ ನಿರ್ಧರಿಸಿದೆ.

ತ್ರೀಡಿ ಪ್ರಿಂಟ್ ಮಾಡಿಸಿದ್ದು ಹೆಲ್ಮೆಟ್‌ನ ಕಿವಿಯ ಎರಡು ಚಕ್ರ ಮಾತ್ರ. ಗೆಳತಿಯೊಬ್ಬಳು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಟ್ಟಳು. ಗೆರೆಗಳು ಅಷ್ಟು ಕರಾರುವಾಕ್ಕು! ಒಂದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಮಧ್ಯಾಹ್ನ ಮರೆತೆ. ಸಂಜೆ ಬಂದರೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಬಿಸಿ ಆರಾಮಾಗಿ ಮುಟ್ಟುತ್ತದೆ. ಎರಡನೇ ಸಲ ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ನಲ್ಲಿ ಮಾಡಿಸಿದೆವು. ಅದು ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ.

ಕೊನೆಗೆ ನಿಂತದ್ದು ಇವಿಎ ಫೋಮ್ ಮೇಲೆ. ಹೆಸರು ದೊಡ್ಡದು, ಎಥಿಲೀನ್ ವಿನೈಲ್ ಅಸಿಟೇಟ್. ವಸ್ತು ಮಾತ್ರ ನಮಗೆಲ್ಲ ಪರಿಚಯದ್ದೇ. ಮೆತ್ತನೆಯ ಚಪ್ಪಲಿ ಅಟ್ಟೆ, ಜಿಮ್ಮಿನ ನೆಲ, ಒಂದಕ್ಕೊಂದು ಹಲ್ಲು ಕಚ್ಚಿಸಿ ಜೋಡಿಸುವ ಮಕ್ಕಳ ಆಟದ ಮ್ಯಾಟು, ಎಲ್ಲ ಅದೇ. ನಾನು ತಂದದ್ದು 2 ಅಡಿ ಚೌಕದ, 10 ಎಂಎಂ ದಪ್ಪದ 8 ಮ್ಯಾಟು. ಹಲ್ಲಿನ ಅಂಚು ಕತ್ತರಿಸಿ ತೆಗೆಯಬೇಕು, ಆ ಲೆಕ್ಕ ಹಿಡಿದು ಒಂದು ಜಾಸ್ತಿಯೇ ತಗೊಳ್ಳಿ. ಒಂದು ಕಡೆ ಉಬ್ಬುಗೆರೆ ಇರುತ್ತದೆ, ಅದನ್ನು ಒಳಗೆ ಹಾಕಿದರಾಯಿತು. ಮುಂಗೈಗೆ ಮತ್ತು ಮೇಲಿನ ಅಲಂಕಾರದ ಪಟ್ಟಿಗಳಿಗೆ 5 ಎಂಎಂ ಹಾಳೆ ಬೇರೆ ತಂದೆ.

ಎಲ್ಲ ಫೋಮೂ ಇವಿಎ ಅಲ್ಲ ಅನ್ನೋದು ಇಲ್ಲಿ ಮುಖ್ಯ. ಟಿವಿ ಡಬ್ಬದೊಳಗೆ ಬರುವ ಬಿಳಿ ಪ್ಯಾಕಿಂಗ್ ಫೋಮ್ ಬೇರೆ ಜಾತಿ. ಸೋಫಾದ ಸ್ಪಂಜು ಇನ್ನೊಂದು ಜಾತಿ. ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆ ಇಷ್ಟೇ: ಹೆಬ್ಬೆರಳ ಉಗುರಿನಿಂದ ಒತ್ತಿ ಬಿಡೋದು. ಒಳ್ಳೆಯ ಮ್ಯಾಟಿನಲ್ಲಿ ಗೆರೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಅಗ್ಗದ್ದರಲ್ಲಿ ಗುಳಿ ಹಾಗೇ ಉಳಿಯುತ್ತದೆ, ಅಡ್ಡಕ್ಕೆ ನೋಡಿದರೆ ಗಾಳಿಗುಳ್ಳೆ ಕಣ್ಣಿಗೇ ಕಾಣುತ್ತದೆ. ಒಂದೇ ದಪ್ಪದ ಎರಡು ಮ್ಯಾಟು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ. ಸ್ವಲ್ಪ ಭಾರ ಇರುವುದನ್ನೇ ತಗೊಳ್ಳಿ, ಅದರ ಅಂಚು ಚೊಕ್ಕಟವಾಗಿ ಬರುತ್ತದೆ. ಮನೆಗೆ ತಂದ ಮೇಲೆ ಒಂದು ಸಣ್ಣ ತುಂಡಿಗೆ ಬಿಸಿಗಾಳಿ ತೋರಿಸಿ. ಇವಿಎ ಮೈ ಮೆಲ್ಲಗೆ ಹೊಳಪಾಗಿ ಮುಚ್ಚಿಕೊಳ್ಳುತ್ತದೆ. ಪ್ಯಾಕಿಂಗ್ ಫೋಮ್ ಸುರುಟಿಕೊಂಡು ತೂತು ಬೀಳುತ್ತದೆ.

ಭುಜದ ತುಂಡು ಮಾಡಿದ ಸಂಜೆ ಇನ್ನೂ ಕಣ್ಣ ಮುಂದಿದೆ. ಚಪ್ಪಟೆ ಮ್ಯಾಟು ಗುಮ್ಮಟ ಆಗಬೇಕಿತ್ತು. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು, ಒಂದೇ ಕಡೆ ನಿಲ್ಲಿಸದೆ, ದೋಸೆ ಕಾವಲಿಗೆ ಎಣ್ಣೆ ಸವರುವ ಹಾಗೆ ಸುತ್ತ ಸುತ್ತ ಆಡಿಸಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಬಣ್ಣ ಒಂಚೂರು ಗಾಢವಾಯಿತು, ಮಂಕು ಹೋಗಿ ಹೊಳಪು ಬಂತು, ಅಂಚು ತಾನಾಗಿ ಬಾಗತೊಡಗಿತು. ತಕ್ಷಣ ದಪ್ಪ ಗ್ಲೌಸ್ ಹಾಕಿದ ಕೈಯಿಂದ ಎತ್ತಿ, ಬೋರಲು ಹಾಕಿದ ಸ್ಟೀಲ್ ಬೋಗುಣಿಯ ಮೇಲೆ ಒತ್ತಿ ಹಿಡಿದೆ. ನೂರರವರೆಗೆ ಎಣಿಸಿದೆ. ಕೈ ತೆಗೆದೆ. ಹಾಗೇ ನಿಂತಿತ್ತು! ಇಷ್ಟು ದಿನ ಚಾಪೆಯಾಗಿದ್ದದ್ದು ಈಗ ಭುಜವಾಗಿತ್ತು. ಬೋಗುಣಿಗಿಂತ ಆಳದ ಗುಂಡಗೆ ಬೇಕಾದಲ್ಲಿ ಬಿಸಿ ಒಂದೇ ಸಾಲದು. ಆಗ ನಮ್ಮ ಬೀದಿಯ ಟೇಲರಮ್ಮ ರವಿಕೆಗೆ ಟಕ್ಸ್ ಹಿಡಿಯುವ ಹಾಗೆ, ಎಲೆಯಾಕಾರದ ಒಂದು ಸೀಳು ತೆಗೆದು ಅಂಚು ಕೂಡಿಸಬೇಕು. ಎದೆಯ ತುಂಡಿಗೆ ಹಾಗೆ ಎರಡು ಸೀಳು ತೆಗೆದೆ. ಅದನ್ನು ಎಲ್ಲಿ ತೆಗೆಯಬೇಕು ಅಂತ ರಟ್ಟಿನ ಮೇಲೆ ಗುರುತು ಹಾಕಿಕೊಟ್ಟದ್ದೂ ಅವರೇ.

ಬ್ಲೇಡ್ ವಿಷಯಕ್ಕೆ ಜಿಪುಣತನ ಬೇಡ. ಇವಿಎ ಮೆತ್ತಗಿದ್ದರೂ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮುರಿದು ಮುರಿದು ಬಳಸುವ ಕಟರ್ ತಗೊಳ್ಳಿ, ಎರಡು ಮೂರು ಉದ್ದ ಕತ್ತರಿಕೆಗೆ ಒಂದು ತುದಿ ಮುರಿಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸದೆ ಒಂದೇ ಎಳೆತಕ್ಕೆ ಎಳೆಯಿರಿ. ಮೊಂಡು ಅಲಗು ಅಂಚನ್ನು ಹರಿಯುತ್ತದೆ. ಹರಿದ ಅಂಚನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ.

ಥರ್ಮೊಕೋಲನ್ನು ಕರಗಿಸಿದ ಆ ರಬ್ಬರ್ ಅಂಟು ಇವಿಎಗೆ ಬಲು ಒಳ್ಳೆಯ ಜೋಡಿ. ಬಡಗಿಗಳು ಲ್ಯಾಮಿನೇಟ್ ಅಂಟಿಸಲು ಬಳಸುವ, ಫೆವಿಕಾಲ್ ಎಸ್‌ಆರ್ ತರಹದ ಹಳದಿ ಅಂಟು ಅದು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಬೇಕು. ಹತ್ತು ಹದಿನೈದು ನಿಮಿಷ ಬಿಡಬೇಕು. ಬೆರಳು ತಾಗಿಸಿದರೆ ಜಿಗುಟು ಅನಿಸಬೇಕು, ಬೆರಳಿಗೆ ಅಂಟಿಕೊಂಡು ಬರಬಾರದು. ಆಗ ಕೂಡಿಸಬೇಕು. ಒಮ್ಮೆ ತಾಗಿತೋ ಅಲುಗಾಡಿಸಲು ಆಗುವುದಿಲ್ಲ. ಅದಕ್ಕೆ ನಾನು ಮೊದಲೇ ಎರಡೂ ತುಂಡಿನ ಮೇಲೆ ಪೆನ್ನಿನಲ್ಲಿ ಅಡ್ಡಗೆರೆ ಎಳೆದುಕೊಂಡು, ಗೆರೆಗೆ ಗೆರೆ ಹೊಂದಿಸಿ ಒಂದು ತುದಿಯಿಂದ ಒತ್ತುತ್ತಾ ಹೋಗುತ್ತಿದ್ದೆ. ಇದರ ವಾಸನೆ ತಲೆ ಸುತ್ತಿಸುತ್ತದೆ. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಬಾಲ್ಕನಿ ಬಾಗಿಲು ತೆರೆದಿರಲಿ, ಹತ್ತಿರ ದೀಪ, ಒಲೆ, ಹೀಟ್ ಗನ್ ಯಾವುದೂ ಬೇಡ. ಅಂಟಿನ ದಿನ ಬೇರೆ, ಬಿಸಿಯ ದಿನ ಬೇರೆ ಅಂತ ನಾನು ಕ್ಯಾಲೆಂಡರಿನಲ್ಲೇ ಬರೆದುಕೊಂಡಿದ್ದೆ.

ಬಣ್ಣಕ್ಕೆ ಮುಂಚೆ ಇಡೀ ತುಂಡಿನ ಮೇಲೆ ಒಮ್ಮೆ ಬಿಸಿ ಆಡಿಸಿ ರಂಧ್ರ ಮುಚ್ಚಿಸಿದೆ. ಅದರ ಮೇಲೆ, ಮರಕ್ಕೆ ಹಚ್ಚುವ ಬಿಳಿ ಅಂಟನ್ನು ನೀರು ಬೆರೆಸಿ ಮೂರು ಸಲ ಬಳಿದೆ. ಆಮೇಲೆ ಕಪ್ಪು ಅಕ್ರಿಲಿಕ್. ಕಪ್ಪು ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬಟ್ಟೆಯಲ್ಲಿ ಉಜ್ಜಿದರೆ ಸಾಕು, ಹಳೇ ಕಬ್ಬಿಣದ ಮಿರುಗು ಬರುತ್ತದೆ. ಗೋಡೆಯ ಪುಟ್ಟಿ ಹಾಕಿ ನುಣುಪು ಮಾಡಬಹುದಾ ಅಂತ ಚೂರಿನ ಮೇಲೆ ನೋಡಿದ್ದೆ. ಬಗ್ಗಿಸಿದ ಕೂಡಲೇ ಬಿರುಕು ಬಿಟ್ಟಿತು. ಬಗ್ಗುವ ಮೈಗೆ ಬಗ್ಗುವ ಲೇಪವೇ ಬೇಕು.

ಮಂಗಳದ ಧೂಳಿಗೆ ನಾನು ಬಳಸಿದ್ದು ಕೆಮ್ಮಣ್ಣು. ರಂಗೋಲಿ ಅಂಚಿಗೆ ಹಚ್ಚುತ್ತೇವಲ್ಲ, ಅದೇ, ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯ ಪೊಟ್ಟಣ. ಮಂಗಳ ಕೆಂಪಗಿರುವುದು ಅಲ್ಲಿನ ಧೂಳಿನ ಕಬ್ಬಿಣದ ಆಕ್ಸೈಡ್‌ನಿಂದ. ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡೇ. ಅದನ್ನು ಓದಿದ ದಿನ ನನಗೆ ಆದ ಖುಷಿ ಹೇಳಲಾರೆ. ಹೊಳಪಿಲ್ಲದ ವಾರ್ನಿಶ್‌ನಲ್ಲಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸಂದುಗಳಿಗೆ ತುಂಬಿದೆ. ಮೊಣಕಾಲಿನ ಕೆಳಗೆ ಜಾಸ್ತಿ, ಎದೆಗೆ ಕಮ್ಮಿ. ನಡೆಯುವವಳಿಗೆ ಧೂಳು ಹತ್ತುವುದು ಕೆಳಗಿನಿಂದ ತಾನೇ.

ಹೆಲ್ಮೆಟ್ ಎರಡನೇ ಸಲ ಇವಿಎಯಲ್ಲೇ ಮಾಡಿದೆ. ನನ್ನ ಜಡೆ ಸುತ್ತಿ ಕಟ್ಟಿದರೆ ಎಷ್ಟು ಜಾಗ ಬೇಕು ಅಂತ ಮೊದಲೇ ಅಳೆದೆ. ಕಣ್ಣಿನ ಗಾಜಿಗೆ ಜೆಸಿ ರೋಡಿನಲ್ಲಿ ತಂದ, ಬೈಕ್ ಹೆಲ್ಮೆಟ್‌ನ ಮಸುಕು ವೈಸರ್. ಮೊದಲೇ ಬಾಗಿರುತ್ತದೆ, ಬಿದ್ದರೂ ಒಡೆಯುವುದಿಲ್ಲ. ಉಸಿರಿಗೆ ಮಂಜು ಕಟ್ಟುತ್ತಿತ್ತು. ಎಸ್‌ಪಿ ರೋಡಿನಿಂದ 5 ವೋಲ್ಟಿನ ಎರಡು ಪುಟ್ಟ ಫ್ಯಾನ್ ತಂದು ಗಲ್ಲದ ಹತ್ತಿರ ಕೂರಿಸಿ ಪವರ್ ಬ್ಯಾಂಕಿಗೆ ಜೋಡಿಸಿದೆ. ಮಂಜು ಹೋಯಿತು.

ಬೆಲ್ಟು, ಕ್ಲಿಪ್ ಬಕಲ್, ಎಲಾಸ್ಟಿಕ್ ಎಲ್ಲ ರಾಜಾ ಮಾರ್ಕೆಟ್‌ನದು. ವೆಲ್ಕ್ರೋವನ್ನು ಬರೀ ಅಂಟಿನ ಮೇಲೆ ನಂಬಬೇಡಿ. ನೈಲಾನ್ ಪಟ್ಟಿಗೆ ಹೊಲಿಸಿ, ಆ ಪಟ್ಟಿಯನ್ನು ಅಗಲವಾಗಿ ಫೋಮಿಗೆ ಅಂಟಿಸಿ. ಒಳಗೆ ತೆಳು ಹತ್ತಿಯ ಕಪ್ಪು ಬಟ್ಟೆ ಹಾಕಿಕೊಳ್ಳಿ. ಇವಿಎ ಗಾಳಿ ಬಿಡುವುದಿಲ್ಲ, ಒಳಗೆ ಸೆಖೆ ಸೆಖೆ.

ಕಾಮಿಕ್ ಕಾನ್ ನಡೆದ ವೈಟ್‌ಫೀಲ್ಡ್‌ನ ಸಭಾಂಗಣದಲ್ಲಿ ಆರು ತಾಸು ಹಾಕಿಕೊಂಡಿದ್ದೆ. ತೂಕ ಹೆಲ್ಮೆಟ್ ಸೇರಿ ಮೂರು ಕಿಲೋ ಒಳಗೇ. ಮೆಟ್ಟಿಲ ಮೇಲೆ ಕೂತು ಚುರುಮುರಿ ತಿಂದೆ, ಯಾವ ಅಂಚೂ ಚುಚ್ಚಲಿಲ್ಲ. ಕುತ್ತಿಗೆಯ ಹತ್ತಿರ ಮಾತ್ರ ಬೆವರಿಗೆ ಬಿಳಿ ಅಂಟಿನ ಲೇಪ ಮೆತ್ತಗಾಗಿ ಬಣ್ಣ ಕಿತ್ತುಬಂತು. ಅಲ್ಲಿ ಈಗ ನೀರಿಗೆ ಮೆತ್ತಗಾಗದ ಅಂಟು ಬಳಿದಿದ್ದೇನೆ. ಬಲ ಮುಂಗೈಯ ಒಂದು ಜೋಡಣೆ ಬಿಟ್ಟುಕೊಂಡಿತ್ತು, ಅದು ನಾನು ಅಂಟು ಒಣಗಲು ಬಿಡದೆ ಅವಸರದಲ್ಲಿ ಕೂಡಿಸಿದ ತುಂಡು.

ಈಗ ಕವಚ ಅಟ್ಟದ ಮೇಲಿದೆ. ಕಾಲಿನ ತುಂಡುಗಳು ಚಪ್ಪಟೆಯಾಗದಂತೆ ಒಳಗೆ ಪೇಪರ್ ಉಂಡೆ ತುಂಬಿದ್ದೇನೆ, ಬಿಸಿಲು ಬೀಳದಂತೆ ಬಟ್ಟೆ ಮುಚ್ಚಿದ್ದೇನೆ. ಹೋದ ವರ್ಷ ಮಾವ ಬಂದಿದ್ದಾಗ ಇಳಿಸಿ ತೋರಿಸಿದೆ. ಅವರು ಬೇರೇನೂ ಮುಟ್ಟಲಿಲ್ಲ. ಭುಜದ ತುಂಡನ್ನು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು. ‘ಇದ್ರೊಳಗೆ ಎಂಥ ಇತ್ತ್?’ ಅಂತ ಕೇಳಿದರು. ಉಳಿದಿದ್ದ ಒಂದು ಮ್ಯಾಟು ತಂದು ಕೊಟ್ಟೆ. ಉಗುರಿನಿಂದ ಒತ್ತಿ ನೋಡಿದರು, ಬಗ್ಗಿಸಿ ನೋಡಿದರು. ಊರಿಗೆ ಹೊರಡುವಾಗ ಅದನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು.