ಚೀಟಿ ಇಲ್ಲದ ಗುಳಿಗೆ: ದೂರು ದಿಲ್ಲಿಗೋ, ಜಿಲ್ಲೆಗೋ?

ಗಂಗಾವತಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಭತ್ತದ ನಾಟಿ ಶುರುವಾಯಿತು ಅಂದರೆ ಬೆಳಿಗ್ಗೆ ಏಳಕ್ಕೇ ಶಟರ್ ಎತ್ತಬೇಕು. ಗದ್ದೆಗೆ ಹೊರಟ ಹೆಣ್ಣುಮಕ್ಕಳು ಟಂಟಂ ನಿಲ್ಲಿಸಿ, ಕೆಳಗೂ ಇಳಿಯದೆ ಕೂಗುತ್ತಾರೆ: "ಯಕ್ಕಾ, ಸೊಂಟದ ಗುಳಿಗಿ ನಾಕು ಕೊಡ್ರಿ!" ಡಾಕ್ಟರ ಚೀಟಿ ಯಾರ ಕೈಲೂ ಇರುವುದಿಲ್ಲ. ಹದಿನೆಂಟು ವರ್ಷದಿಂದ ಇದೇ ಕೆಲಸ. ಚೀಟಿ ಇಲ್ಲದೆ ಯಾವುದು ಕೊಡಬಹುದು, ಕೊಂಡಿದ್ದು ಕೆಟ್ಟಿದ್ದರೆ ಯಾರಿಗೆ ಹೇಳಬೇಕು, ಈ ಎರಡು ಪ್ರಶ್ನೆ ನನಗೆ ದಿನಾ ಬರುತ್ತವೆ. ಎರಡನೆಯದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಲಿರುವ ಸ್ಟ್ರಿಪ್ ತಿರುಗಿಸಿ ನೋಡಿ. ಹಿಂಭಾಗದಲ್ಲಿ ಚೌಕದೊಳಗೆ "ಶೆಡ್ಯೂಲ್ ಎಚ್" ಎಂದು ಬರೆದು ಕೆಳಗೆ ಎಚ್ಚರಿಕೆ ಇದ್ದರೆ ಅದಕ್ಕೆ ಚೀಟಿ ಬೇಕು. (ಶೆಡ್ಯೂಲ್ ಅಂದರೆ ಔಷಧ ನಿಯಮಗಳಲ್ಲಿರುವ ಪಟ್ಟಿ.) "ಎಚ್ 1" ಎಂದಿದ್ದು, ಕೆಂಪು ಅಂಚಿನ ಚೌಕವಿದ್ದರೆ ಚೀಟಿಯೂ ಬೇಕು, ನಾವು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಲೂಬೇಕು. 2014ರಿಂದ ಈ ನಿಯಮ ಇದೆ. ಹಲವು ಆ್ಯಂಟಿಬಯಾಟಿಕ್‌ಗಳು, ಟಿಬಿ ಔಷಧಿ, ನಿದ್ದೆ ಗುಳಿಗೆಗಳು ಇದರಲ್ಲಿ ಬರುತ್ತವೆ. ಇನ್ನೂ ಬಿಗಿಯಾದ "ಎಕ್ಸ್" ಪಟ್ಟಿಯದನ್ನಂತೂ ನಮ್ಮಂಥ ಸಣ್ಣ ಅಂಗಡಿಯಲ್ಲಿ ಇಡುವುದೇ ಇಲ್ಲ. ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಚೀಟಿ ಇಲ್ಲದೆ ಕೊಡುತ್ತೇವೆ.

ಒಂದು ತಮಾಷೆ ಹೇಳುತ್ತೇನೆ. ಟಿವಿಯಲ್ಲಿ ದಿನಾ "ಓಟಿಸಿ" (ಚೀಟಿ ಇಲ್ಲದೆ ಕೌಂಟರಿನಲ್ಲೇ ಸಿಗುವ ಔಷಧಿ) ಅಂತ ಕೇಳುತ್ತೀರಿ ಅಲ್ವಾ? ನಮ್ಮ 1940ರ ಔಷಧ ಕಾಯ್ದೆಯಲ್ಲಾಗಲಿ, 1945ರ ನಿಯಮಗಳಲ್ಲಾಗಲಿ ಓಟಿಸಿ ಅಂದರೆ ಏನು ಅಂತ ಹೇಳಿಲ್ಲ. ಚೀಟಿ ಬೇಕಾದ್ದರ ಪಟ್ಟಿ ಇದೆ, ಬೇಡದ್ದರ ಪಟ್ಟಿ ಇಲ್ಲ. 2022ರಲ್ಲಿ ಕೇಂದ್ರ ಒಂದು ಕರಡು ತಂದಿತ್ತು. 16 ಔಷಧಿಗಳನ್ನು ಹೆಸರು ಹಿಡಿದು ಹೇಳಿ, ಇವನ್ನು ಚೀಟಿ ಇಲ್ಲದೆ, ಐದು ದಿನಕ್ಕಾಗುವಷ್ಟೇ ಕೊಡಿ ಅಂತ. ಅಂಥ ಪಟ್ಟಿ ಬೇಕೇ ಬೇಕು ಅಂತ ನನ್ನ ಅನಿಸಿಕೆ. ಇಲ್ಲದಿದ್ದರೆ ಕೌಂಟರಿನಲ್ಲಿ ನಿಂತವಳು ಗಿರಾಕಿಯ ಹತ್ತಿರ ದಿನಾ ಜಗಳ ಆಡಬೇಕಾಗುತ್ತದೆ.

ಯಾಕೆ ಜಗಳ ಅಂದರೆ, ಆ ಸೊಂಟದ ಗುಳಿಗೆ ನೋಡಿ. ಹೆಚ್ಚಾಗಿ ಅದು ಡೈಕ್ಲೋಫೆನಾಕ್. ಗುಳಿಗೆ ರೂಪದಲ್ಲಿದ್ದರೆ ಶೆಡ್ಯೂಲ್ ಎಚ್, ಚೀಟಿ ಬೇಕು. ಅದೇ ಔಷಧಿ ಹಚ್ಚುವ ಜೆಲ್ ಆದರೆ ಬೇಡ, ಯಾಕಂದರೆ ಮೈಮೇಲೆ ಹಚ್ಚುವುದನ್ನು ಆ ಪಟ್ಟಿಯಿಂದ ಬಿಟ್ಟಿದ್ದಾರೆ. ಹಾಗಂತ ಹಚ್ಚುವುದೆಲ್ಲ ಸಲೀಸು ಅಂದುಕೊಳ್ಳಬೇಡಿ. ಮುಖ ಬೆಳ್ಳಗಾಗುತ್ತದೆ ಅಂತ ಸ್ಟಿರಾಯ್ಡ್ ಕ್ರೀಮು ಹಚ್ಚಿ ಚರ್ಮ ಸುಟ್ಟುಕೊಂಡವರು ಜಾಸ್ತಿಯಾದ ಮೇಲೆ, 2018ರಲ್ಲಿ ಅಂಥ 14 ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದರು. ಗ್ಯಾಸಿಗೆ ಎಲ್ಲರೂ ಕೇಳುವ ಪ್ಯಾಂಟೊಪ್ರಜೋಲ್ ಕೂಡ ಚೀಟಿಯ ಗುಳಿಗೆಯೇ. ಪ್ಯಾರಾಸಿಟಮಾಲ್ 500ಕ್ಕೆ ಬೇಡ. "ಅಂಗಡ್ಯಾಗ ಇಟ್ಟೀಯಲ್ಲ, ಕೊಡಾಕೇನ್ ಧಾಡಿ?" ಅಂತ ಒಬ್ಬ ಅಜ್ಜ ನನ್ನನ್ನು ಕೇಳಿದ್ದ. ಪಟ್ಟಿ ಮಾಡಿದವಳು ನಾನಲ್ಲ ಯಪ್ಪಾ ಅಂದೆ. ಹಾಗಾದರೆ ಯಾರು?

ಪಟ್ಟಿ ಮಾಡುವುದು ದಿಲ್ಲಿ. ಸಂವಿಧಾನದಲ್ಲಿ ಔಷಧಿ ಇರುವುದು ಸಮವರ್ತಿ ಪಟ್ಟಿಯಲ್ಲಿ, 19ನೇ ನಮೂದು. ಅಂದರೆ ಕೇಂದ್ರ, ರಾಜ್ಯ ಇಬ್ಬರಿಗೂ ಅಧಿಕಾರ ಇದೆ. ಆದರೆ ಕೇಂದ್ರದ ಕಾಯ್ದೆ ಆಗಲೇ ಜಾಗ ಹಿಡಿದು ಕೂತಿದೆ. ಯಾವ ಔಷಧಿ ಯಾವ ಶೆಡ್ಯೂಲು, ಹೊಸ ಔಷಧಿಗೆ ಒಪ್ಪಿಗೆ, ಆಮದು, ಲೇಬಲ್ ಮೇಲೆ ಏನು ಬರೆಯಬೇಕು, ಯಾವುದನ್ನು ದೇಶಕ್ಕೆಲ್ಲ ನಿಲ್ಲಿಸಬೇಕು, ಇದೆಲ್ಲ ಕೇಂದ್ರದ ಕೈಲಿ. ಮಕ್ಕಳಿಗೆ ನೋವು-ಜ್ವರದ ನಿಮೆಸುಲೈಡ್ ಕೊಡಬಾರದು ಅಂತ 2011ರಲ್ಲಿ ನಿಲ್ಲಿಸಿದ್ದು ಆ ಕಾಯ್ದೆಯ 26ಎ ಕಲಮಿನ ಕೆಳಗೆ. 2018ರಲ್ಲಿ 328 ಮಿಶ್ರಣಗಳನ್ನು ನಿಷೇಧಿಸಿದ್ದೂ ಅದೇ ಕಲಮು. ಆ ಪಟ್ಟಿಯಲ್ಲಿ ಸಾರಿಡಾನ್ ಇತ್ತು. ಸುಪ್ರೀಂ ಕೋರ್ಟಿಗೆ ಹೋಗಿ ಅದು ವಾಪಸ್ ಬಂತು. ಆ ವಾರ ನಾನು ಒಂದು ಡಬ್ಬ ಸಾರಿಡಾನನ್ನು ಒಳಗಿಟ್ಟು, ಹೊರಗಿಟ್ಟು, ಮತ್ತೆ ಒಳಗಿಟ್ಟು ಸಾಕಾಗಿ ಹೋಗಿತ್ತು.

ಆ ಪಟ್ಟಿಯನ್ನು ನನ್ನ ಅಂಗಡಿಯಲ್ಲಿ ಜಾರಿ ಮಾಡುವುದು ಮಾತ್ರ ರಾಜ್ಯ. ನನ್ನ ತಲೆ ಮೇಲಿನ ಗೋಡೆಯಲ್ಲಿ ಎರಡು ಲೈಸೆನ್ಸ್ ಕಟ್ಟು ಹಾಕಿಸಿ ತೂಗು ಹಾಕಿದ್ದೇನೆ, ಫಾರ್ಮ್ 20 ಮತ್ತು 21. ಎರಡನ್ನೂ ಕೊಟ್ಟಿದ್ದು ಕರ್ನಾಟಕದ ಔಷಧ ನಿಯಂತ್ರಣ ಇಲಾಖೆ. ಯಾವ ಮೆಡಿಕಲ್‌ಗೆ ಹೋದರೂ ಮೊದಲು ಗೋಡೆ ನೋಡಿ. ಲೈಸೆನ್ಸ್ ಎಲ್ಲರಿಗೂ ಕಾಣುವಂತೆ ಇರಲೇಬೇಕು. ಫಾರ್ಮಸಿಸ್ಟ್ ಎಲ್ಲಿ ಅಂತ ಕೇಳುವ ಹಕ್ಕೂ ನಿಮಗಿದೆ. ಸರ್ಟಿಫಿಕೇಟ್ ಒಬ್ಬರದು, ಕೌಂಟರಿನಲ್ಲಿ ಕೂರುವವರು ಇನ್ನೊಬ್ಬರು ಅನ್ನುವ ರೋಗ ನಮ್ಮ ಕಡೆ ಇಲ್ಲ ಅಂತ ನಾನೇನೂ ಹೇಳುವುದಿಲ್ಲ.

ಹಾಗಾದರೆ ಕಿರಾಣಿ ಅಂಗಡಿ? ನನ್ನ ತವರು ಕುಷ್ಟಗಿ ಕಡೆ ಒಂದು ಸಣ್ಣ ಹಳ್ಳಿ. ಅಲ್ಲಿ ಬೀಡಿ ಕಟ್ಟಿನ ಪಕ್ಕದ ಡಬ್ಬದಲ್ಲಿ ಜ್ವರದ ಗುಳಿಗೆಯೂ ಸಿಗುತ್ತದೆ. ಅದು ತಪ್ಪಲ್ಲ, ಆದರೆ ಷರತ್ತು ಇದೆ. ರಿಯಾಯಿತಿಗಳ ಪಟ್ಟಿಯಾದ ಶೆಡ್ಯೂಲ್ ಕೆ ಪ್ರಕಾರ, ಸಾವಿರಕ್ಕಿಂತ ಜಾಸ್ತಿ ಜನ ಇಲ್ಲದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್, ನೋವಿನ ಮುಲಾಮು, ಗ್ರೈಪ್ ವಾಟರ್, ಟಿಂಚರ್ ಅಯೋಡಿನ್, ಹತ್ತಿ, ಬ್ಯಾಂಡೇಜಿನಂಥ ಮನೆಮದ್ದಿನ ಸಾಮಾನನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಲೈಸೆನ್ಸ್ ಇರುವ ಹೋಲ್‌ಸೇಲಿನಿಂದ ಇಲ್ಲವೇ ತಯಾರಕರಿಂದಲೇ ತಂದಿರಬೇಕು, ಕಂಪನಿಯ ಪ್ಯಾಕ್ ಒಡೆಯದೆ ಮಾರಬೇಕು. ಹಾಗಾಗಿ ಹಾಳೆಯಲ್ಲಿ ಸುತ್ತಿ ಬಿಡಿ ಗುಳಿಗೆ ಕೊಟ್ಟರೆ ತಗೋಬೇಡಿ. ಗಂಗಾವತಿಯಂಥ ಊರಿನ ಕಿರಾಣಿಗೆ ಈ ರಿಯಾಯಿತಿ ಇಲ್ಲ. ಮತ್ತೆ ವಿಕ್ಸ್ ಹೇಗೆ ಎಲ್ಲಾ ಕಡೆ ಸಿಗುತ್ತದೆ ಅಂತೀರಾ? ಡಬ್ಬಿಯ ಸಣ್ಣ ಅಕ್ಷರ ಓದಿ. ನಮ್ಮ ದೇಶದಲ್ಲಿ ವಿಕ್ಸ್ ವೇಪೊರಬ್ ಆಯುರ್ವೇದದ ಔಷಧಿ. ಆಯುರ್ವೇದದ್ದನ್ನು ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಬೇಡ.

ಇನ್ನು ಬೇರೆ ರಾಜ್ಯದಲ್ಲಿ ತಯಾರಾದ ಔಷಧಿಯ ಕತೆ. ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿ ಮಾರಾಟ ಮಾಡುವ ಕಂಪನಿಯ ಹೆಸರು ಇರುತ್ತದೆ. ಸಣ್ಣದಾಗಿ, ತಯಾರಿಸಿದವರ ವಿಳಾಸ ಬೇರೆ ಇರುತ್ತದೆ. ಹಿಮಾಚಲದ ಬದ್ದಿ, ಉತ್ತರಾಖಂಡದ ಹರಿದ್ವಾರ, ಸಿಕ್ಕಿಂ. ಫ್ಯಾಕ್ಟರಿಗೆ ಲೈಸೆನ್ಸ್ ಕೊಡುವುದು ಆ ರಾಜ್ಯದ ಇಲಾಖೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಆಗ ಅನುಮಾನ ಬಂದಿದ್ದು ಪಶ್ಚಿಮ ಬಂಗಾಳದಲ್ಲಿ ತಯಾರಾದ ಡ್ರಿಪ್ ಬಾಟಲಿಯ ಮೇಲೆ. ಕರ್ನಾಟಕ ಇಲ್ಲಿ ಅದರ ಬಳಕೆ ನಿಲ್ಲಿಸಬಹುದು, ಕೋರ್ಟಿಗೆ ಹೋಗಬಹುದು. ಅಲ್ಲಿನ ಫ್ಯಾಕ್ಟರಿಗೆ ಬೀಗ ಹಾಕಲು ಆಗುವುದಿಲ್ಲ. 2025ರಲ್ಲಿ ಕೋಲ್ಡ್‌ರಿಫ್ ಕೆಮ್ಮಿನ ಸಿರಪ್ಪಿನದೂ ಅದೇ. ಮಕ್ಕಳು ಸತ್ತಿದ್ದು ಮಧ್ಯಪ್ರದೇಶದ ಛಿಂದ್ವಾಡದಲ್ಲಿ, ತಯಾರಾಗಿದ್ದು ತಮಿಳುನಾಡಿನಲ್ಲಿ. ಡೈಎಥಿಲೀನ್ ಗ್ಲೈಕಾಲ್ ವಿಷವನ್ನು ಪರೀಕ್ಷೆಯಲ್ಲಿ ಹಿಡಿದದ್ದೂ, ಲೈಸೆನ್ಸ್ ರದ್ದು ಮಾಡಿದ್ದೂ ತಮಿಳುನಾಡು. ಅಂದಹಾಗೆ, ಆ ಜಾತಿಯ ನೆಗಡಿ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು 2023ರಲ್ಲೇ ಕೇಂದ್ರ ಹೇಳಿತ್ತು. ಬಾಟಲಿ ಕೊಳ್ಳುವಾಗ ಆ ಸಾಲು ಹುಡುಕಿ.

ನನ್ನ ನಾದಿನಿಯ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಈ ಹಗ್ಗಜಗ್ಗಾಟ ಬೇರೆ ಥರ. ಚೀಟಿ ಬೇಡದ ಔಷಧಿಯ ಲೇಬಲ್ಲಿನಲ್ಲಿ ರಾಜ್ಯಗಳು ತಮ್ಮದೇ ಷರತ್ತು ಹಾಕುವಂತಿಲ್ಲ ಅಂತ 1997ರಲ್ಲಿ ಕಾನೂನಾಗಿದೆ. ಆದರೆ "ನಮ್ಮ ರಾಜ್ಯದಲ್ಲಿ ಇದಕ್ಕೆ ಚೀಟಿ ಬೇಕು" ಅಂತ ರಾಜ್ಯ ಹೇಳಬಹುದು. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೋಎಫೆಡ್ರಿನ್‌ಗೆ ಆರಿಗಾನ್ ರಾಜ್ಯ 2006ರಿಂದ 2021ರ ಕೊನೆವರೆಗೆ ಚೀಟಿ ಕೇಳಿತು, ಯಾಕಂದರೆ ಅದರಿಂದ ಮನೆಯಲ್ಲೇ ಮಾದಕ ವಸ್ತು ಕಾಯಿಸುತ್ತಿದ್ದರಂತೆ. ನಮ್ಮ ಹುಡುಗ ನೆಗಡಿ ಗುಳಿಗೆಗೆ ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕಾಯಿತು ಅಂತ ಫೋನಿನಲ್ಲಿ ಗೊಣಗುತ್ತಿದ್ದ.

ಈಗ ನಾನು ಎಡವಿದ್ದು. ಒಂದು ಬೇಸಿಗೆ, ಕಾರಟಗಿ ಕಡೆಯ ಹೆಣ್ಣುಮಗಳೊಬ್ಬಳು ಅರ್ಧ ಸ್ಟ್ರಿಪ್ ಪ್ಯಾರಾಸಿಟಮಾಲ್ ವಾಪಸ್ ತಂದಳು. ಬಿಳಿ ಗುಳಿಗೆಯ ಮೇಲೆ ಕಂದು ಚುಕ್ಕೆ. ಹೆಬ್ಬೆರಳಿನಿಂದ ಒತ್ತಿದರೆ ಇಡಿಯಾಗಿ ಬರುತ್ತಿರಲಿಲ್ಲ, ಹಿಟ್ಟು ಉದುರುತ್ತಿತ್ತು. ಹೋಲ್‌ಸೇಲಿನವರು ಫೋನ್ ಎತ್ತಿ "ಬಿಸಿಲಿಗೆ ಹಂಗಾಗಿರತೈತಿ" ಅಂದರು. ನನಗೆ ಸಿಟ್ಟು ಬಂತು. ದೊಡ್ಡವರಿಗೇ ಹೇಳೋಣ ಅಂತ ನೇರ ದಿಲ್ಲಿಗೆ ಮೇಲ್ ಬರೆದೆ. ಒಂದು ತಿಂಗಳಾದ ಮೇಲೆ ಬಂದ ಉತ್ತರ ಎರಡೇ ಸಾಲು: ಇದು ರಾಜ್ಯಕ್ಕೆ ಸೇರಿದ್ದು, ಅಲ್ಲಿಗೆ ಕಳಿಸಿದ್ದೇವೆ. ಆ ತಿಂಗಳಲ್ಲಿ ಅದೇ ಬ್ಯಾಚಿನ ಗುಳಿಗೆ ಎಷ್ಟು ಅಂಗಡಿಯಲ್ಲಿ ಖರ್ಚಾಯಿತೋ.

ನೀವು ಹೀಗೆ ಮಾಡಿ. ಗುಳಿಗೆ, ಸಿರಪ್ ಕೆಟ್ಟಿದೆ, ನಕಲಿ ಇರಬಹುದು, ಅವಧಿ ಮುಗಿದದ್ದು ಕೊಟ್ಟರು, ಚೀಟಿ ಇಲ್ಲದೆ ನಿದ್ದೆ ಗುಳಿಗೆ ಮಾರುತ್ತಾರೆ ಅಂತಾದರೆ ದಿಲ್ಲಿ ಬೇಡ. ನಿಮ್ಮ ಜಿಲ್ಲೆ ನೋಡಿಕೊಳ್ಳುವ ಸಹಾಯಕ ಔಷಧ ನಿಯಂತ್ರಕರಿಗೆ ಬರೆಯಿರಿ. ಔಷಧಿಯ ಹೆಸರು, ಬ್ಯಾಚ್ ನಂಬರ್, ತಯಾರಾದ ಮತ್ತು ಮುಗಿಯುವ ತಿಂಗಳು, ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಅಂಗಡಿಯ ಹೆಸರು, ಬಿಲ್ಲಿನ ನಕಲು. ಇಷ್ಟಿದ್ದರೆ ಸಾಕು, ಉದ್ದ ಕತೆ ಬೇಡ. ಮುಗಿಯುವ ತಿಂಗಳು ಅಂದರೆ ಆ ತಿಂಗಳ ಕೊನೆಯ ದಿನದವರೆಗೆ ನಡೆಯುತ್ತದೆ, ಅದಕ್ಕೆ ಸುಮ್ನೆ ದೂರು ಕೊಡಬೇಡಿ. 2023ರ ಆಗಸ್ಟಿನಿಂದ ಜಾಸ್ತಿ ಓಡುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ. ಬ್ಯಾಚ್ ನಂಬರ್ ತಾಳೆ ಆಗದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ನನ್ನ ಅಂಗಡಿಗೆ ಕೊನೆಗೆ ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದರು. ಫಾರ್ಮ್ 17 ತುಂಬಿ ಕೊಟ್ಟು, ಸ್ಟ್ರಿಪ್ಪುಗಳಿಗೆ ದುಡ್ಡು ಎಣಿಸಿ ಕೊಟ್ಟೇ ತಗೊಂಡರು. ಕಾಯ್ದೆಯೇ ಹಾಗಿದೆ. ನನ್ನ ಕಣ್ಣೆದುರೇ ನಾಲ್ಕು ಪಾಲು ಮಾಡಿ, ಕವರಿಗೆ ಹಾಕಿ, ಅರಗಿನಿಂದ ಸೀಲ್ ಒತ್ತಿದರು. ಒಂದು ನನಗೆ, ಒಂದು ಲ್ಯಾಬಿಗೆ, ಒಂದು ಕೋರ್ಟಿಗೆ, ಒಂದು ತಯಾರಕರಿಗೆ. ಲ್ಯಾಬ್ ದೂರವೇನಲ್ಲ, ಬೆಂಗಳೂರು, ಹುಬ್ಬಳ್ಳಿಯ ಹಾಗೆ ಬಳ್ಳಾರಿಯಲ್ಲೂ ಇದೆ. ರಿಪೋರ್ಟಿನಲ್ಲಿ ಗುಳಿಗೆ ಫೇಲಾಗಿತ್ತು.

ಇನ್‌ಸ್ಪೆಕ್ಟರ್ ಬರದಿದ್ದರೂ ದಾರಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ 26ನೇ ಕಲಮು ಸಾಮಾನ್ಯ ಗಿರಾಕಿಗೂ ಹಕ್ಕು ಕೊಟ್ಟಿದೆ. ನೀವು ಕೊಂಡ ಔಷಧಿಯನ್ನು ಫಾರ್ಮ್ 14-ಎ ತುಂಬಿ, ಶುಲ್ಕ ಕಟ್ಟಿ, ಸರ್ಕಾರಿ ವಿಶ್ಲೇಷಕರಿಗೆ ಕೊಡಬಹುದು. ಅವರು ಸಹಿ ಹಾಕಿದ ರಿಪೋರ್ಟ್ ನಿಮ್ಮ ಕೈಗೇ ಬರುತ್ತದೆ. ಪ್ಯಾಕ್ ಒಡೆಯಬೇಡಿ, ಬಿಲ್ ಕಳೆಯಬೇಡಿ.

ದಿಲ್ಲಿಗೆ ಹೋಗಬೇಕಾದ್ದು ಎರಡು. ಗುಳಿಗೆ ಚೆನ್ನಾಗೇ ಇದೆ, ಆದರೆ ತಗೊಂಡ ಮೇಲೆ ಮೈಯೆಲ್ಲ ದದ್ದು ಬಂತು, ಮುಖ ಬಾತುಕೊಂಡಿತು ಅಂದರೆ ಮೊದಲು ಆಸ್ಪತ್ರೆಗೆ ಓಡಿ. ಆಮೇಲೆ 1800-180-3024ಕ್ಕೆ ಫೋನ್ ಮಾಡಿ ಬರೆಸಿ. ಇಂಥ ಅಡ್ಡಪರಿಣಾಮಗಳನ್ನು ದೇಶದ ಮಟ್ಟದಲ್ಲಿ ಅಲ್ಲಿ ಲೆಕ್ಕ ಇಡುತ್ತಾರೆ, ಔಷಧಿ ನಿಲ್ಲಿಸುವ ತೀರ್ಮಾನಕ್ಕೆ ಅದೂ ಒಂದು ಆಧಾರ ಆಗುತ್ತದೆ. ಇನ್ನೊಂದು ರೇಟು. ಪ್ಯಾಕಿನ ಮೇಲಿನ ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ, ಔಷಧಿ ಬೆಲೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎಗೆ 1800-111-255ರಲ್ಲಿ ಹೇಳಿ. ಆರೋಗ್ಯ ಇಲಾಖೆಯಲ್ಲ, ರಸಗೊಬ್ಬರದ ಮಂತ್ರಾಲಯದ ಕೆಳಗೆ ಬರುತ್ತದೆ ಅದು! ಬೆಲೆ ನಿಯಂತ್ರಣದ ಪಟ್ಟಿಯಲ್ಲಿಲ್ಲದ ಔಷಧಿಯ ಬೆಲೆಯನ್ನೂ ಕಂಪನಿ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ.

ಆ ಕಾರಟಗಿಯ ಹೆಣ್ಣುಮಗಳ ಅರ್ಧ ಸ್ಟ್ರಿಪ್ಪಿನಲ್ಲಿ ಬ್ಯಾಚ್ ನಂಬರ್ ಇರಲಿಲ್ಲ. ನಾನೇ ಕತ್ತರಿಸಿಕೊಟ್ಟಿದ್ದೆ, ನಂಬರ್ ಇದ್ದ ತುದಿ ನನ್ನ ಡ್ರಾಯರಿನಲ್ಲೇ ಉಳಿದಿತ್ತು. ಪುಣ್ಯಕ್ಕೆ ಅದು ಖರ್ಚಾಗಿರಲಿಲ್ಲ. ಆವತ್ತಿನಿಂದ ಬಿಡಿ ಗುಳಿಗೆ ಕೊಡುವಾಗ ಬ್ಯಾಚು, ಮುಗಿಯುವ ತಿಂಗಳು ಎರಡನ್ನೂ ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ. ಟಂಟಂನವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ನಿಮ್ಮ ಮೆಡಿಕಲ್‌ನವರು ಬರೆದುಕೊಡದಿದ್ದರೆ, ಕತ್ತರಿ ಹಾಕುವ ಮುಂಚೆ ಸ್ಟ್ರಿಪ್ಪಿನ ಹಿಂಭಾಗದ ಒಂದು ಫೋಟೋ ಹೊಡೆದುಕೊಳ್ಳಿ.