ಒದ್ದೆ ಪಾದಕ್ಕೆ ಒಗ್ಗುವ ಸ್ಯಾಂಡಲ್: ಶ್ರೀಲಂಕಾ ಪ್ರವಾಸಕ್ಕೆ ನಾನು ಆರಿಸಿಕೊಂಡ ಬಗೆ

ಬೆರಳು ಮುಚ್ಚುವ ಸ್ಯಾಂಡಲ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಅದರ ಮುಂಭಾಗವನ್ನು. ಕಲ್ಲಿಗೆ ಎಡವಿದರೂ ಉಗುರು ಕಿತ್ತುಬಾರದಷ್ಟು ದಪ್ಪ ರಬ್ಬರ್ ಅಲ್ಲಿದೆಯೇ ಎಂದು ಒತ್ತಿ ನೋಡುತ್ತಾರೆ. ನಾನು ಮೊದಲು ನೋಡುವುದು ಪಾದದ ಮೇಲ್ಭಾಗವನ್ನು ಹಿಡಿಯುವ ಪಟ್ಟಿಯನ್ನು. ಬಿಸಿಲೂ ಮಳೆಯೂ ಕೂಡಿರುವ ಪ್ರದೇಶಗಳಲ್ಲಿ ದಿನದ ಬಹುಪಾಲು ಪಾದ ಒದ್ದೆಯಾಗಿಯೇ ಇರುತ್ತದೆ. ಒದ್ದೆ ಪಾದವು ಮೆಟ್ಟಿಲಿಳಿಯುವಾಗ ಅಟ್ಟೆಯ ಮೇಲೆ ಮುಂದಕ್ಕೆ ಜಾರುತ್ತದೆ. ಪಟ್ಟಿ ಸಡಿಲವಾಗಿದ್ದರೆ ಬೆರಳುಗಳು ಹೆಜ್ಜೆ ಹೆಜ್ಜೆಗೂ ಆ ದಪ್ಪ ರಬ್ಬರಿಗೇ ಬಡಿಯುತ್ತವೆ. ಹೀಗಾಗಿ, ಬೆರಳನ್ನು ಕಾಯಬೇಕಾದ ಭಾಗವೇ ಅದನ್ನು ನೋಯಿಸದಿರಬೇಕಾದರೆ ಪಾದವನ್ನು ಹಿಂದಕ್ಕೆ ಹಿಡಿದು ನಿಲ್ಲಿಸುವ ವ್ಯವಸ್ಥೆ ಗಟ್ಟಿಯಾಗಿರಬೇಕು ಎಂಬುದು ನನ್ನ ಆಯ್ಕೆಯ ಮೊದಲ ನಿಯಮವಾಯಿತು.

ಅಕ್ಕನೂ ನಾನೂ ಶ್ರೀಲಂಕಾಕ್ಕೆ ಹೊರಟದ್ದು ಆಗಸ್ಟ್ ತಿಂಗಳಲ್ಲಿ. ಆ ಕಾಲದಲ್ಲಿ ದ್ವೀಪದ ನೈರುತ್ಯ ಭಾಗಕ್ಕೆ ನಮ್ಮ ಮಲೆನಾಡಿಗೆ ಬರುವ ಮುಂಗಾರೇ ಮಳೆ ತರುತ್ತದೆ. ಉತ್ತರದ ಅನುರಾಧಪುರದ ಕಡೆ ನೆಲ ಕಾದಿರುತ್ತದೆ. ಎರಡಕ್ಕೂ ಒಂದೇ ಜೊತೆ ಪಾದರಕ್ಷೆ ಸಾಕಾಗಬೇಕಿತ್ತು. ಅನುರಾಧಪುರ, ಮಿಹಿಂತಲೆ, ದಂಬುಲ್ಲ, ಕ್ಯಾಂಡಿಗಳಂಥ ಪವಿತ್ರ ಸ್ಥಳಗಳಲ್ಲಿ ಪಾದರಕ್ಷೆ ಕಳಚಿಯೇ ಒಳಗೆ ಹೋಗಬೇಕು. ಒಂದೇ ಬೆಳಗಿನಲ್ಲಿ ಹಲವು ಬಾರಿ ಕಳಚಿ ಹಾಕಿಕೊಳ್ಳಬೇಕಾದ ಕಡೆ ಲೇಸು ಕಟ್ಟುವ ಶೂ ಬಹಳ ತ್ರಾಸದಾಯಕ. ಮಂಡಿ ನೋವಿರುವ ಅಕ್ಕನಿಗೆ ಬಗ್ಗುವುದೇ ಕಷ್ಟವಾದ್ದರಿಂದ ಅವಳಿಗೆ ಇದೇ ನಿರ್ಣಾಯಕ ಅಂಶವಾಗಿತ್ತು.

ಅಂಗಡಿಗೆ ನಾವು ಹೋದದ್ದು ಸಂಜೆ. ದಿನವಿಡೀ ನಿಂತು ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಸೆಖೆಯಲ್ಲಿ ಇನ್ನಷ್ಟು ಊದುತ್ತದೆ. ಬೆಳಿಗ್ಗೆ ಸರಿಹೊಂದಿದ ಅಳತೆ ಮಧ್ಯಾಹ್ನಕ್ಕೆ ಬಿಗಿಯಾಗುವುದು ಈ ಕಾರಣದಿಂದಲೇ. ಮನೆಯಲ್ಲಿಯೇ ಕಾಗದದ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆದುಕೊಂಡು ಉದ್ದವನ್ನು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಂಡಿದ್ದೆವು, ಏಕೆಂದರೆ ಯುಕೆ ಅಳತೆಯಲ್ಲಿ ಒಂದು ಸಂಖ್ಯೆಯ ಅಂತರವೆಂದರೆ ಸುಮಾರು 8.5 ಮಿ.ಮೀ., ಯುರೋಪಿನ ಅಳತೆಯಲ್ಲಿ ಸುಮಾರು 6.7 ಮಿ.ಮೀ.; ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನಷ್ಟೇ ನಂಬಿದರೆ ಈ ವ್ಯತ್ಯಾಸದಲ್ಲಿ ಬೆರಳಿನ ಜಾಗ ಕಳೆದುಹೋಗುತ್ತದೆ. ಉದ್ದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಗಲದಷ್ಟು ಜಾಗ ಬಿಟ್ಟುಕೊಂಡೆವು. ಅಕ್ಕನ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟು ಇರುವುದರಿಂದ, ಹೊಲಿಗೆ ಆ ಗಂಟಿನ ಮೇಲೆ ಹಾಯುವ ಮಾದರಿಗಳನ್ನು ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕಿಟ್ಟೆ. “ನಡೆದಾಡಿದಂತೆಲ್ಲ ಹಿಗ್ಗುತ್ತದಲ್ಲ” ಎಂದು ಅವಳು ಕೇಳಿದಳು. ಚರ್ಮವಾದರೆ ಹಿಗ್ಗುತ್ತದೆ; ಪಾಲಿಯೆಸ್ಟರ್ ಪಟ್ಟಿಯೂ ಅಚ್ಚಿನ ರಬ್ಬರೂ ಅಷ್ಟಾಗಿ ಹಿಗ್ಗುವುದಿಲ್ಲ. ಅಂಗಡಿಯಲ್ಲಿ ಒತ್ತಿದ್ದು ಊರಿನಲ್ಲೂ ಒತ್ತುತ್ತದೆ.

ಹಾಗಿದ್ದೂ ಚರ್ಮವನ್ನು ನಾವು ಬಿಟ್ಟೆವು. ಅದು ನೀರು ಹೀರಿ ಭಾರವಾಗುತ್ತದೆ, ತೇವದ ಹವೆಯಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲ. ನೈಲಾನ್ ಪಟ್ಟಿ ಗಟ್ಟಿಯಾದರೂ ಪಾಲಿಯೆಸ್ಟರಿಗಿಂತ ಹೆಚ್ಚು ನೀರು ಹಿಡಿದು, ಒದ್ದೆಯಾದಾಗ ಸ್ವಲ್ಪ ಸಡಿಲಗೊಳ್ಳುತ್ತದೆ. ಬೆರಳು ಮುಚ್ಚುವ ಈ ಬಗೆಯ ಸ್ಯಾಂಡಲಿಗೆ ಹೆಸರು ತಂದದ್ದು ಅಮೆರಿಕದ ಕೀನ್ ಕಂಪನಿಯು 2003ರಲ್ಲಿ ಹೊರತಂದ ನ್ಯೂಪೋರ್ಟ್ ಮಾದರಿ. ಈಗ ಅದೇ ವಿನ್ಯಾಸವನ್ನು ಹೋಲುವ ಅಗ್ಗದ ಜೋಡಿಗಳೂ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹಲವಕ್ಕೆ ಹಿಮ್ಮಡಿಯ ಪಟ್ಟಿಯನ್ನು ಹೊಂದಿಸುವ ಸೌಲಭ್ಯವಿರುವುದಿಲ್ಲ, ಎಳೆದು ಬಿಗಿಗೊಳಿಸುವ ಸ್ಥಿತಿಸ್ಥಾಪಕ ದಾರವೊಂದೇ ಇರುತ್ತದೆ. ಆ ದಾರ ಹಾಕಿಕೊಳ್ಳಲು ಸುಲಭ, ಆದರೆ ಇಳಿಜಾರಿನಲ್ಲಿ ಅದು ಹಿಗ್ಗಿ ಪಾದವನ್ನು ಮುಂದಕ್ಕೆ ಬಿಡುತ್ತದೆ. ಆದ್ದರಿಂದ ಪಾದದ ಮೇಲೆ ಅಡ್ಡಲಾಗಿ ಅಗಲವಾದ ವೆಲ್ಕ್ರೋ ಪಟ್ಟಿಯೂ ಹಿಮ್ಮಡಿಯ ಸುತ್ತ ಪ್ರತ್ಯೇಕ ಪಟ್ಟಿಯೂ ಇರುವ ಜೋಡಿಯನ್ನೇ ಆರಿಸಿದೆವು. ಅಟ್ಟೆಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದೆ: ಬೆರಳುಗಳು ಮಡಚುವ ಜಾಗದಲ್ಲಿ ಅದು ಬಗ್ಗಬೇಕು, ನಡುವೆ ಬಗ್ಗಬಾರದು.

ಕೊಂಡ ಮೇಲೆ ಸ್ಯಾಂಡಲನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಒದ್ದೆಯಾಗಿದ್ದಂತೆಯೇ ಹಾಕಿಕೊಂಡು ನಮ್ಮ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಇಳಿದೆ. ಒಣ ಕಾಲಿನಲ್ಲಿ ಹಿತವೆನಿಸಿದ ಜೋಡಿಯು ಒದ್ದೆಯಾದಾಗ ಎಲ್ಲಿ ಉಜ್ಜುತ್ತದೆ ಎಂಬುದು ಇದರಿಂದ ಮಾತ್ರ ತಿಳಿಯುತ್ತದೆ. ನೆನೆದು ಮೆದುವಾದ ಚರ್ಮಕ್ಕೆ ಬಹುಬೇಗ ಬೊಬ್ಬೆ ಬರುತ್ತದೆ. ಹಿಮ್ಮಡಿಯ ಪಟ್ಟಿಯ ಒಳಹೊಲಿಗೆ ಉಜ್ಜುತ್ತಿತ್ತು. ಅದರ ಮೇಲೆ ಮೆತ್ತನೆಯ ಬಟ್ಟೆಯ ತುಂಡೊಂದನ್ನು ಹೊಲಿಸಿದೆ. ಜೊತೆಗೆ, ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುವವರಿಂದ ಮುಂಭಾಗದ ರಬ್ಬರಿಗೂ ಅಟ್ಟೆಗೂ ಸೇರಿಸಿ ಸುತ್ತ ನೈಲಾನ್ ದಾರದ ಹೊಲಿಗೆ ಹಾಕಿಸಿದೆ. ಬರಿಯ ಅಂಟಿನಿಂದ ಕೂಡಿಸಿದ ಭಾಗಗಳು ಸೆಖೆಯಲ್ಲಿ, ನೀರಿನಲ್ಲಿ ಬಿಟ್ಟುಕೊಳ್ಳುವುದು ಸಾಮಾನ್ಯ.

ಪ್ರಾಚೀನ ಬಂಡೆಕೋಟೆಯಾದ ಸಿಗಿರಿಯಕ್ಕೆ ಸುಮಾರು 1,200 ಮೆಟ್ಟಿಲುಗಳಿವೆ. ಸಿಂಹದ ಪಂಜಗಳ ಬೃಹತ್ ಶಿಲ್ಪವಿರುವ ಅಂಗಳದಿಂದ ಮೇಲಕ್ಕೆ ಲೋಹದ ಮೆಟ್ಟಿಲು. ಹತ್ತುವಾಗ ಯಾವ ಪಾದರಕ್ಷೆಯೂ ನಡೆಯುತ್ತದೆ, ಪರೀಕ್ಷೆಯಾಗುವುದು ಇಳಿಯುವಾಗಲೇ. ಇಳಿಯುವ ಮುನ್ನ ನೆರಳಿನಲ್ಲಿ ಕುಳಿತು ಪಾದಗಳನ್ನು ಒರೆಸಿಕೊಂಡು, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ಬಿಗಿದುಕೊಂಡೆವು. ಅಕ್ಕ ಕೆಳಗೆ ತಲುಪಿದಾಗ ಮಂಡಿಯ ಬಗ್ಗೆ ಮಾತಾಡಿದಳು, ಬೆರಳಿನ ಮಾತು ಬರಲಿಲ್ಲ. ಅನುರಾಧಪುರದಲ್ಲಿ ರುವನ್‌ವೆಲಿಸಾಯ ಸ್ತೂಪದ ಸುತ್ತಿನ ಕಲ್ಲುಹಾಸು ಮಧ್ಯಾಹ್ನ ಅಂಗಾಲನ್ನು ಸುಡುತ್ತದೆ. ಅದಕ್ಕಾಗಿ ಹತ್ತಿಯ ಕಾಲುಚೀಲ ಚೀಲದಲ್ಲಿರಬೇಕು, ಇಲ್ಲವೇ ಬೆಳಗಿನ ಹೊತ್ತಿನಲ್ಲೇ ದರ್ಶನ ಮುಗಿಸಬೇಕು.

ದ್ವೀಪದ ನೈರುತ್ಯದಲ್ಲಿರುವ ಸಿಂಹರಾಜ ಮಳೆಕಾಡಿನಲ್ಲಿ ಈ ಪಾದರಕ್ಷೆಯ ಮಿತಿ ಕಾಣುತ್ತದೆ. ಅಲ್ಲಿ ನಮ್ಮ ಆಗುಂಬೆಯಂತೆಯೇ ಉಂಬಳಗಳ ಕಾಟ. ಸ್ಯಾಂಡಲಿನ ಕಿಂಡಿಗಳು ಅವಕ್ಕೆ ತೆರೆದ ಬಾಗಿಲು. ಮಲೆನಾಡಿನವರು ಹೊಗೆಸೊಪ್ಪು, ಸುಣ್ಣ ಬಳಿದುಕೊಳ್ಳುವುದುಂಟು, ಆದರೆ ಮಳೆಯಲ್ಲಿ ಅದು ತೊಳೆದುಹೋಗುತ್ತದೆ. ನಿಶ್ಚಿತ ಉಪಾಯವೆಂದರೆ ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಉಂಬಳದ ಕಾಲುಚೀಲ. ಇದನ್ನು ತೊಟ್ಟ ಪಾದವೂ ಸ್ಯಾಂಡಲಿನೊಳಗೆ ಹಿಡಿಯಬೇಕಾದ್ದರಿಂದ, ಕೊಳ್ಳುವಾಗಲೇ ದಪ್ಪ ಕಾಲುಚೀಲ ಹಾಕಿಕೊಂಡು ಒಮ್ಮೆ ಅಳತೆ ನೋಡಿದ್ದೆವು. ಕಿಂಡಿಗಳಿಂದ ಒಳಬರುವ ಸಣ್ಣ ಕಲ್ಲುಗಳಿಗೆ ಮಾತ್ರ ಪರಿಹಾರವಿಲ್ಲ. ಪಾದ ಎತ್ತಿ ಕೊಡವಿ ಮುಂದೆ ನಡೆಯಬೇಕು.

ನಿಂತ ನೀರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಗದ್ದೆಯ ನೀರು, ಪೇಟೆಯ ಚರಂಡಿ ಉಕ್ಕಿದ ನೀರುಗಳಿಂದ ಇಲಿಜ್ವರ ತಗಲಬಹುದು. ಸ್ಯಾಂಡಲ್ ಬೆರಳನ್ನು ಕಾಯುತ್ತದೆಯೇ ಹೊರತು ನೀರನ್ನು ತಡೆಯುವುದಿಲ್ಲ. ಕಾಲಿನಲ್ಲಿ ಗಾಯವಿದ್ದಾಗ ಅಂಥ ಕಡೆ ಸುತ್ತಿಬಳಸಿಯಾದರೂ ಬೇರೆ ದಾರಿ ಹಿಡಿಯುತ್ತಿದ್ದೆವು. ಪ್ರತಿ ರಾತ್ರಿ ಸ್ಯಾಂಡಲನ್ನು ಸಾಬೂನಿನಿಂದ ತೊಳೆದು, ಹಳೆಯ ದಿನಪತ್ರಿಕೆ ತುರುಕಿ, ಫ್ಯಾನಿನ ಕೆಳಗೆ ಇಟ್ಟು ಒಣಗಿಸುತ್ತಿದ್ದೆ. ತೊಳೆಯದೆ ಬಿಟ್ಟರೆ ಕೃತಕ ಪಟ್ಟಿಗಳು ಬೇಗ ನಾರುತ್ತವೆ, ಸುಡುಬಿಸಿಲಿಗೋ ಹೀಟರಿನ ಪಕ್ಕಕ್ಕೋ ಇಟ್ಟರೆ ಅಂಟು ಕೆಡುತ್ತದೆ. ಪಾದಗಳನ್ನೂ ಬೆರಳುಸಂದಿಗಳವರೆಗೆ ಒರೆಸಿ, ಮಲಗುವ ತನಕ ಬರಿಗಾಲಿನಲ್ಲೇ ಗಾಳಿಗೆ ಬಿಡುತ್ತಿದ್ದೆವು.