ಜೋಕ್ ಇಲ್ಲದೆ ನಗಿಸಿದ ಬಗೆ: ನನ್ನ ಅನುಭವ

ನಗೆಬರಹ ಅಂದರೆ ಜೋಕ್ ಇರಲೇಬೇಕು ಅನ್ನುವವರಿಗೆ ಕೊಡಲು ಈಗ ನನ್ನ ಹತ್ತಿರ ಉತ್ತರ ಇದೆ. ದಿನಾ ಕಣ್ಣಿಗೆ ಬೀಳುವ ಸಣ್ಣ ಸಣ್ಣ ವಿಚಿತ್ರಗಳನ್ನು ಉಪ್ಪು ಖಾರ ಹಚ್ಚದೆ, ಇದ್ದದ್ದು ಇದ್ದ ಹಾಗೆ ಬರೆದರೆ ಜನ ನಗುತ್ತಾರೆ. ಮೂರು ವರ್ಷದಿಂದ ಬರಹಗಳು ಅಚ್ಚಾಗುತ್ತಿವೆ, ಈಗ ತಿಂಗಳಿಗೆ ಒಂದೆರಡು, ಓದಲು ಕರೆಯುತ್ತಾರೆ, ದುಡ್ಡೂ ಬರುತ್ತಿದೆ. ಶುರುವಿನಲ್ಲಿ ಯಾರೂ ನಂಬಲಿಲ್ಲ. ಒಬ್ಬ ಸಂಪಾದಕರು ಓದಿ ಮುಗಿಸಿ, "ಎಲ್ಲ ಸರಿ, ನಗೋದು ಎಲ್ಲಿ?" ಅಂತ ಕೇಳಿದರು. ಜೊತೆಯಲ್ಲಿ ಬರೆಯುವ ಗೆಳೆಯರು "ಇದು ವರದಿ ಆಯ್ತು, ಹಾಸ್ಯ ಆಗಲಿಲ್ಲ" ಅಂದರು. ನೀವೂ ಬರೆಯುವವರೇ ಆಗಿದ್ದರೆ ಪಂಚ್ ಲೈನ್, ಟೈಮಿಂಗ್ ಎಲ್ಲ ಗೊತ್ತೇ ಇರುತ್ತದೆ. ಅದನ್ನೆಲ್ಲ ಬಿಟ್ಟು ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಸರಕು ಯಾವುದು ಅಂತ ಹೇಳಿಬಿಡುತ್ತೇನೆ. ಫೋನಿನಲ್ಲಿ ದಾರಿ ಹೇಳುವವರು ಕೈ ಎತ್ತಿ ಎಡಕ್ಕೆ ತೋರಿಸುತ್ತಾರೆ, ಆ ಕಡೆ ಇರುವವರಿಗೆ ಆ ಕೈ ಕಾಣುವುದೇ ಇಲ್ಲ. ನಡುರಾತ್ರಿ ಫೋನ್ ಮಾಡಿ ಎಬ್ಬಿಸಿದರೂ ಯಾರೂ "ಹೌದು, ಮಲಗಿದ್ದೆ" ಅನ್ನುವುದಿಲ್ಲ. ಗಂಟಲು ಸರಿಮಾಡಿಕೊಂಡು "ಇಲ್ಲ ಇಲ್ಲ, ಎದ್ದೇ ಇದ್ದೆ" ಅನ್ನುತ್ತಾರೆ. ದಾರಿ ತಪ್ಪಿ ಮುಂದೆ ಹೋದವರು ಸುಮ್ನೆ ತಿರುಗಿ ಬರುವುದಿಲ್ಲ. ನಿಲ್ಲುತ್ತಾರೆ, ಜೇಬಿನಿಂದ ಫೋನ್ ತೆಗೆದು ಏನೋ ಸಂದೇಶ ಬಂದ ಹಾಗೆ ನೋಡುತ್ತಾರೆ, ಆಮೇಲೆ ತಿರುಗುತ್ತಾರೆ. ರಸ್ತೆಯಲ್ಲಿ ಅವರನ್ನು ನೋಡುವವರು ಒಬ್ಬರೂ ಇರುವುದಿಲ್ಲ! ಬಾಗಿಲಲ್ಲಿ ನಿಂತು ನಾಲ್ಕು ಸಲ "ಬರ್ತೀನಿ" ಹೇಳಿಕೊಂಡ ಇಬ್ಬರು ಕೊನೆಗೆ ಒಂದೇ ಕಡೆ ನಡೆಯಬೇಕಾಗಿ ಬಂದರೆ, ಒಬ್ಬರು ಚಪ್ಪಲಿ ಸರಿಮಾಡಲು ಬಗ್ಗುತ್ತಾರೆ. ಇಂಥವೇ ನನ್ನ ಸರಕು. ಇವನ್ನು ಎಲ್ಲರೂ ನೋಡಿರುತ್ತಾರೆ. ಯಾರೂ ಬರೆದಿಟ್ಟುಕೊಂಡಿರುವುದಿಲ್ಲ, ಅಷ್ಟೇ.

ಈಗ ಕೈಕೊಟ್ಟ ದಾರಿಗಳು. ಎಲ್ಲರೂ ಹೇಳುವ ದಾರಿ ಉತ್ಪ್ರೇಕ್ಷೆ, ಆದ್ದರಿಂದ ಮೊದಲು ಅದನ್ನೇ ಹಿಡಿದಿದ್ದೆ. ತುಂಬಿದ ಕಸದ ಬುಟ್ಟಿಯನ್ನು ಯಾರೂ ಖಾಲಿ ಮಾಡದೆ ಮೇಲೆ ಮೇಲೆ ಜೋಡಿಸುವುದನ್ನು ಬರೆದೆ. ಬುಟ್ಟಿ ಹಿಮಾಲಯ ಆಯಿತು, ಪರ್ವತಾರೋಹಿಗಳು ಬಂದರು, ತುದಿಯಲ್ಲಿ ಬಾವುಟ ಹಾರಿತು. ಸುಮಾರು ಮೂವತ್ತು ಜನರ ಮುಂದೆ ಓದಿದೆ, ಇಬ್ಬರು ಮುಗುಳ್ನಕ್ಕರು. ಅದೇ ವಿಷಯವನ್ನು ಕೆಲವು ತಿಂಗಳ ನಂತರ ಹೀಗೆ ಬರೆದೆ: "ಬುಟ್ಟಿ ತುಂಬಿತ್ತು. ಆತ ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಇಟ್ಟ. ನಿಧಾನವಾಗಿ ಕೈ ತೆಗೆದ. ಬೀಳಲಿಲ್ಲ. ಹೊರಟ." ಇಷ್ಟೇ. "ಬೀಳಲಿಲ್ಲ" ಅನ್ನುವಾಗಲೇ ನಗು ಶುರುವಾಯಿತು, "ಹೊರಟ" ಅಂದ ಮೇಲೆ ಒಂದು ಕ್ಷಣ ಕಾಯಬೇಕಾಯಿತು. ಯಾಕೆ ಅಂತ ನನಗೆ ಗೊತ್ತು: ಆ ಕೈ ತೆಗೆಯುವ ಎಚ್ಚರಿಕೆ ಅಲ್ಲಿದ್ದ ಪ್ರತಿಯೊಬ್ಬರ ಕೈಗೂ ಗೊತ್ತಿತ್ತು. ಹಿಮಾಲಯ ಯಾರ ಮನೆಯಲ್ಲೂ ಇರಲಿಲ್ಲ.

ಎರಡನೆಯದು ರೆಕಾರ್ಡರ್. ಒಳ್ಳೆಯದನ್ನೇ ಕೊಂಡಿದ್ದೆ, ಆಗಿನ ಕಾಲು ಭಾಗ ಸಂಬಳ ಹೋಯಿತು. ನೋಡಿದ್ದನ್ನು ತಕ್ಷಣ ಪಿಸುಮಾತಿನಲ್ಲಿ ಹೇಳಿಟ್ಟರೆ ಬರೆಯುವ ಕೆಲಸ ಉಳಿಯುತ್ತದೆ ಅಂತ ಲೆಕ್ಕ. ಆದರೆ ಬಾಯಲ್ಲಿ ಹೇಳುವಾಗ ನಾವು ತಾನಾಗಿಯೇ ಕಥೆ ಹೇಳಲು ಶುರು ಮಾಡುತ್ತೇವೆ, "ಎಷ್ಟು ತಮಾಷೆ ಗೊತ್ತಾ" ಅಂತ ಸೇರಿಸುತ್ತೇವೆ. ಮನೆಗೆ ಬಂದು ಕೇಳಿದರೆ ಅದರಲ್ಲಿ ನನ್ನ ನಗು ಇರುತ್ತಿತ್ತು, ನೋಡಿದ ವಸ್ತು ಇರುತ್ತಿರಲಿಲ್ಲ. ಫೋಟೋ ಕೂಡ ಅಷ್ಟೇ. "ಎಳೆಯಿರಿ" ಅಂತ ಬರೆದ ಬಾಗಿಲನ್ನು ದೂಡುವವರ ಫೋಟೋದಲ್ಲಿ ಬಾಗಿಲಿನ ಮುಂದೆ ನಿಂತ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ. ಆತ ಎರಡನೇ ಸಲ ಇನ್ನೂ ಜೋರಾಗಿ ದೂಡಿದ್ದು, ಆಮೇಲೆ ಬೋರ್ಡ್ ಓದಿ, ಬಾಗಿಲು ಕೆಟ್ಟಿದೆಯೇನೋ ಅನ್ನುವ ಹಾಗೆ ಅದರ ಕೀಲು ನೋಡಿದ್ದು ಯಾವ ಫೋಟೋದಲ್ಲೂ ಸಿಗುವುದಿಲ್ಲ. ಅಲ್ಲದೆ ಕೇಳದೆ ಜನರ ಫೋಟೋ ತೆಗೆಯುವುದು ನನಗೆ ಹಿಡಿಸುವುದೂ ಇಲ್ಲ.

ಒಂದು ಹಾಸ್ಯ ಬರವಣಿಗೆ ಶಿಬಿರಕ್ಕೂ ಹೋದೆ. ಶುಲ್ಕ ಹೆಚ್ಚುಕಡಿಮೆ ಒಂದು ತಿಂಗಳ ಮನೆ ಬಾಡಿಗೆಯಷ್ಟು. ಅಲ್ಲಿ ಸೂತ್ರಗಳನ್ನು ಹೇಳಿಕೊಟ್ಟರು, ಎರಡು ಸಾಮಾನ್ಯ ಸಂಗತಿ ಹೇಳಿ ಮೂರನೆಯದನ್ನು ತಿರುಗಿಸು ಅನ್ನುವಂಥವು. ವೇದಿಕೆಯ ಜೋಕಿಗೆ ಅವು ಒದಗುತ್ತವೆ, ಒಪ್ಪುತ್ತೇನೆ. ನನ್ನ ಸರಕಿಗೆ ಒದಗಲಿಲ್ಲ. ನನ್ನ ಉದಾಹರಣೆಗಳನ್ನು ಓದಿದ ಕಲಿಸುವವರು "ಇದು ಬೆಳೆಯಬೇಕು" ಅಂದರು. ಬೆಳೆಸಿದಾಗೆಲ್ಲ ಸತ್ತಿತು.

ನಿಜವಾಗಿ ಕೆಲಸ ಮಾಡಿದ್ದು ಮೂರು ಪುಸ್ತಕಗಳ ಕ್ರಮ. ಇದು ನಾನು ಕಂಡುಹಿಡಿದದ್ದಲ್ಲ. 18ನೇ ಶತಮಾನದಲ್ಲಿ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಗೇಯಾರ್ಗ್ ಲಿಷ್ಟೆನ್‌ಬೆರ್ಗ್ ಅಂತ ಭೌತಶಾಸ್ತ್ರದ ಪ್ರೊಫೆಸರ್ ಇದ್ದರು. 1765ರ ಹೊತ್ತಿಗೆ ಶುರು ಮಾಡಿ 1799ರಲ್ಲಿ ಸಾಯುವ ತನಕ ಟಿಪ್ಪಣಿ ಪುಸ್ತಕಗಳನ್ನು ಬರೆದರು. ಆಗಿನ ವ್ಯಾಪಾರಿಗಳು ದಿನದ ಕೊಡುಕೊಳ್ಳುವಿಕೆಯನ್ನು ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಬಂದ ಹಾಗೆ ಬರೆದುಕೊಳ್ಳುತ್ತಿದ್ದರು, ಆಮೇಲೆ ಅದನ್ನು ಕ್ರಮವಾಗಿ ಎರಡನೆಯದಕ್ಕೆ, ಕೊನೆಗೆ ಖಾತೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಬರೆಯುವವರೂ ಹಾಗೇ ಮಾಡಬೇಕು ಅನ್ನುವುದು ಲಿಷ್ಟೆನ್‌ಬೆರ್ಗ್ ಅವರ ಅಭಿಪ್ರಾಯ. ನಾನು ಅದನ್ನು ಅಕ್ಷರಶಃ ಪಾಲಿಸಿದೆ.

ಕಚ್ಚಾ ಪುಸ್ತಕ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಅದರಲ್ಲಿ ನನ್ನ ನಿಯಮ ಒಂದೇ: ಏನು ನಡೆಯಿತು ಅಂತ ಬರೆಯಬೇಕು, ಹೇಗನ್ನಿಸಿತು ಅಂತ ಬರೆಯಬಾರದು. ಯಾರು, ಎಲ್ಲಿ, ಮೊದಲು ಏನು, ಆಮೇಲೆ ಏನು. ತಮಾಷೆ, ವಿಚಿತ್ರ, ನಗು ಬಂತು ಇಂಥ ಮಾತು ಒಂದೂ ಇರಕೂಡದು. ವೈದ್ಯರು ರೋಗಿಯ ಮಾತು ಬರೆದುಕೊಳ್ಳುವ ಹಾಗೆ. ಈ ಹೋಲಿಕೆ ಹೊಳೆದದ್ದು ರಾಶಿ ಅವರಿಂದ. ಅವರು, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. 1942ರಲ್ಲಿ ಕೊರವಂಜಿ ಹಾಸ್ಯ ಪತ್ರಿಕೆ ಶುರು ಮಾಡಿ ಸುಮಾರು 25 ವರ್ಷ ನಡೆಸಿದರು. ದಿನವಿಡೀ ಜನರ ಎದುರು ಕೂತು, ಎಲ್ಲಿ ನೋವು, ಎಷ್ಟು ದಿನದಿಂದ ಅಂತ ತಾಳ್ಮೆಯಿಂದ ಕೇಳಿದ ಕಿವಿಗೆ ಇಂಥ ವಿವರಗಳು ಜಾಸ್ತಿ ಬಿದ್ದಿರಬೇಕು ಅಂತ ನನ್ನ ಊಹೆ.

ಕಚ್ಚಾ ಪುಸ್ತಕಕ್ಕೆ ತಿಂಗಳಿಗೆ ಸುಮಾರು ನಲವತ್ತು ಸಂಗತಿ ಬೀಳುತ್ತವೆ. ವಾರ ಹತ್ತು ದಿನ ಅದನ್ನು ಮುಟ್ಟುವುದಿಲ್ಲ. ಆಮೇಲೆ ಓದಿದಾಗ ಯಾವುದು ಕಣ್ಣ ಮುಂದೆ ಮತ್ತೆ ನಡೆಯುತ್ತದೋ ಅದು ಮಾತ್ರ ಎರಡನೇ ಪುಸ್ತಕಕ್ಕೆ ಹೋಗುತ್ತದೆ, ಹೆಚ್ಚೆಂದರೆ ಐದಾರು. ಅಲ್ಲಿ ಅದನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯುತ್ತೇನೆ, ಒಂದೊಂದು ಚಲನೆಗೆ ಒಂದೊಂದು ವಾಕ್ಯ. ಎರಡರಿಂದ ಮೂರನೆಯದಕ್ಕೆ ದಾಟಿಸುವಾಗ ಪ್ರತಿಯೊಂದಕ್ಕೂ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಬೆಲೆ ತೆತ್ತಿದ್ದೇನೆ. ಇಷ್ಟು ಹೇಳಬಹುದು: ಆ ಪ್ರಶ್ನೆ ನಗುವಿನ ಬಗ್ಗೆ ಅಲ್ಲ. ಮೂರನೇ ಪುಸ್ತಕಕ್ಕೆ ತಿಂಗಳಿಗೆ ಒಂದೆರಡು ಸೇರಿದರೆ ಒಳ್ಳೆಯ ತಿಂಗಳು.

ಇನ್ನೊಂದು ನಿಯಮ ಇದೆ, ಅದರಲ್ಲಿ ನಾನು ಜಗ್ಗುವುದಿಲ್ಲ. ಒಬ್ಬರ ಕೈಲಾಗದ್ದು, ಬಡತನ, ಮೈಯ ಕೊರತೆ, ಮಾತಿನ ತೊದಲು ನನ್ನ ಪುಸ್ತಕಕ್ಕೆ ಬರುವುದಿಲ್ಲ. ದೊಡ್ಡ ಅಧಿಕಾರಿಯೂ ಮಾಡುವ, ಶಾಲೆಯ ಹುಡುಗಿಯೂ ಮಾಡುವ ಕೆಲಸ ಆಗಿರಬೇಕು. ಬ್ಯಾಟರಿ ಮುಗಿದ ರಿಮೋಟಿನ ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತುವುದರಲ್ಲಿ ಮೇಲು ಕೀಳು ಇಲ್ಲ, ಅಲ್ವಾ? ನಕ್ಕ ಮೇಲೆ ಯಾರೂ ಸಣ್ಣವರಾಗಬಾರದು. ನಾನು ಈ ಕೆಲಸಕ್ಕೆ ಅಂಟಿಕೊಂಡಿರುವುದೇ ಇದಕ್ಕಾಗಿ.

ನಡುವೆ ಕೆಲವು ಪ್ರಯೋಗ ಮಾಡಿದೆ. ಬರಹಕ್ಕೆ ನೇರ ಸಂಬಂಧ ಇಲ್ಲ, ಆದರೂ ಹೇಳಬೇಕು ಅನ್ನಿಸುತ್ತದೆ. ಒಂದು, ಲಿಫ್ಟಿನದು. ಗುಂಡಿ ಆಗಲೇ ಬೆಳಗುತ್ತಿದ್ದರೂ ಬಂದವರು ಅದನ್ನು ಒತ್ತುತ್ತಾರೆಯೇ ಅಂತ ಕೆಲವು ವಾರ ಲೆಕ್ಕ ಇಟ್ಟೆ. ಹತ್ತರಲ್ಲಿ ಆರೇಳು ಜನ ಒತ್ತಿದರು. ಅದಕ್ಕಿಂತ ಒಳ್ಳೆಯ ಸಂಗತಿ ಇದು: ಮೊದಲೇ ಒತ್ತಿ ನಿಂತಿದ್ದವರು, ಹೊಸಬರು ಒತ್ತಿದಾಗ ಸ್ವಲ್ಪ ಬೇಸರ ಪಟ್ಟರು, ತಮ್ಮ ಒತ್ತುವಿಕೆ ಸಾಲಲಿಲ್ಲ ಅಂತ ಹೇಳಿದ ಹಾಗೆ. ಅಂದ ಹಾಗೆ ಬಾಗಿಲು ಮುಚ್ಚುವ ಗುಂಡಿಯ ಕಥೆಯೂ ಚೆನ್ನಾಗಿದೆ. ಅಮೆರಿಕದಲ್ಲಿ 1990ರ ಅಂಗವಿಕಲರ ಹಕ್ಕಿನ ಕಾಯ್ದೆ ಬಂದ ಮೇಲೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಸಮಯ ಸಿಗಲಿ ಅಂತ ಬಾಗಿಲು ಇಂತಿಷ್ಟು ಹೊತ್ತು ತೆರೆದಿರಲೇಬೇಕು. ಅದಕ್ಕೇ ಅಲ್ಲಿನ ಎಷ್ಟೋ ಲಿಫ್ಟುಗಳಲ್ಲಿ ಆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಜನ ಒತ್ತುತ್ತಾರೆ, ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚುತ್ತದೆ, ಸಮಾಧಾನ ಆಗುತ್ತದೆ.

ಇನ್ನೊಂದು ಪೆನ್ನಿನದು. ಕೆಲಸದ ಜಾಗದಲ್ಲಿ ಎಲ್ಲರೂ ಓಡಾಡುವ ಮೇಜಿನ ಮೇಲೆ ಒಂದು ಹೊಸ ಪೆನ್ನು, ಒಂದು ಖಾಲಿ ಹಾಳೆ ಇಟ್ಟೆ. "ಬರೆದು ನೋಡಿ" ಅಂತ ಚೀಟಿ ಅಂಟಿಸಿದೆ. ವಾರದ ಕೊನೆಗೆ ಹಾಳೆ ತುಂಬಿತ್ತು. ಜಾಸ್ತಿ ಇದ್ದದ್ದು ಸುರುಳಿ ಗೀರು, ಆಮೇಲೆ ಸಹಿ. ಸುಮಾರು ಐದಾರು ಜನ ತಮ್ಮ ಹೆಸರು ಬರೆದು, ಯಾಕೋ ಏನೋ, ಅದನ್ನು ಹೊಡೆದುಹಾಕಿದ್ದರು. ಒಂದು ಪೂರ್ತಿ ವಾಕ್ಯ ಬರೆದವರು ಯಾರೂ ಇಲ್ಲ. ಈ ಹಾಳೆಯ ಮೇಲೆ ಬರೆದ ಪುಟ್ಟ ಬರಹವೇ ನನಗೆ ಮೊದಲ ಕಾಯಂ ಅಂಕಣ ತಂದುಕೊಟ್ಟಿದ್ದು. "ನಗೋದು ಎಲ್ಲಿ?" ಅಂದಿದ್ದ ಸಂಪಾದಕರೇ ಫೋನ್ ಮಾಡಿ, ಅವರ ಕಚೇರಿಯಲ್ಲಿ ಎಲ್ಲರೂ ಪೆನ್ನು ಹಿಡಿದು ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ ಅಂದರು. ಅವರ ಮಾತು ಕೇಳಿ ನನಗೆ ತುಂಬ ಖುಷಿಯಾಯಿತು, ಮುಚ್ಚಿಡುವುದೇನಿದೆ.

ದುಡ್ಡಿನ ವಿಷಯ. ಮೊದಲ ವರ್ಷ ನಾಲ್ಕೈದು ಬರಹ ಅಚ್ಚಾದವು, ಎರಡಕ್ಕೆ ಹಣವೇ ಬರಲಿಲ್ಲ, ಉಳಿದದ್ದು ಪುಸ್ತಕ, ಪೆನ್ನು, ಅಂಚೆ ಖರ್ಚಿಗೆ ಸರಿಹೋಯಿತು. ಎರಡನೇ ವರ್ಷ ಕೈಯಿಂದ ಹಾಕಿ ಒಂದು ಕಿರುಪುಸ್ತಕ ಅಚ್ಚು ಮಾಡಿಸಿದೆ, ಸುಮಾರು ಐನೂರು ಪ್ರತಿ. ಅಂಗಡಿಗಳ ಮೂಲಕ ನೂರಕ್ಕಿಂತ ಕಡಿಮೆ ಹೋದವು, ಹಾಕಿದ್ದರಲ್ಲಿ ಐದನೇ ಒಂದು ಭಾಗವೂ ವಾಪಸ್ ಬರಲಿಲ್ಲ. ದಾರಿ ತೆರೆದದ್ದು ಗಟ್ಟಿಯಾಗಿ ಓದಲು ಶುರು ಮಾಡಿದ ಮೇಲೆ. ಒಂದು ಗಂಟೆ ಓದಿದರೆ ಸಿಗುವ ಗೌರವಧನ ನಾಲ್ಕು ಬರಹದ ಸಂಭಾವನೆಗೆ ಸಮ, ಅದರ ಮೇಲೆ ಅಲ್ಲೇ ಬಾಗಿಲಲ್ಲಿ ಪುಸ್ತಕವೂ ಹೋಗುತ್ತದೆ. ಉಳಿದಿದ್ದ ಪ್ರತಿಗಳು ಒಂದೂವರೆ ವರ್ಷದಲ್ಲಿ ಹೀಗೇ ಖಾಲಿಯಾದವು. ಈಗ ಅಂಕಣ ಮತ್ತು ಓದು ಸೇರಿ ಮನೆ ಬಾಡಿಗೆ ಕಟ್ಟಿ ಸ್ವಲ್ಪ ಉಳಿಯುತ್ತದೆ. ಇದರಿಂದಲೇ ಸಂಸಾರ ನಡೆಯುತ್ತದೆ ಅಂತ ಹೇಳುವುದಿಲ್ಲ, ಆದರೆ ಜೋಕ್ ಬರೆಯುವ ಇಬ್ಬರು ಗೆಳೆಯರಿಗಿಂತ ನನ್ನದು ಜಾಸ್ತಿ.

ಓದುವುದರಿಂದ ಯಾಕೆ ಕುದುರಿತು ಅನ್ನುವುದಕ್ಕೆ ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರ ಕೆಲಸದಲ್ಲಿ ಆಧಾರ ಸಿಕ್ಕಿತು. ಅವರು ಮತ್ತು ವಿದ್ಯಾರ್ಥಿಗಳು ಸಾರ್ವಜನಿಕ ಜಾಗಗಳಲ್ಲಿ ಜನ ಸಹಜವಾಗಿ ನಗುವುದನ್ನು ಕೇಳಿಸಿಕೊಂಡು ಸುಮಾರು 1,200 ಪ್ರಸಂಗಗಳನ್ನು ಬರೆದುಕೊಂಡರು. ಅದರಲ್ಲಿ ಜೋಕಿನಂಥ ಮಾತಿಗೆ ಬಂದ ನಗು ನೂರಕ್ಕೆ 10ರಿಂದ 20 ಮಾತ್ರ. ಉಳಿದದ್ದೆಲ್ಲ ತೀರಾ ಸಾದಾ ಮಾತಿಗೆ. ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿ ಇರುವಾಗ ಜನ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ ಅಂತಲೂ ಅವರು ಕಂಡುಕೊಂಡರು. ಇದನ್ನು ಓದಿದ ದಿನ ಆ ಇಬ್ಬರು ಗೆಳೆಯರಿಗೂ ಕಳಿಸಿದೆ. ಅವರು ಬರೆದು ಬರೆದು ಹುಡುಕುತ್ತಿದ್ದ ನಗುವಿನ ಬಹುಪಾಲು ಸಾದಾ ಮಾತಿನಲ್ಲೇ ಬಿದ್ದಿತ್ತು.

ಓದುವಾಗ ಎರಡು ಎಚ್ಚರ. ನೀವು ಮೊದಲು ನಗಬೇಡಿ, ಮುಖದಲ್ಲಿ ಕೂಡ. ಮತ್ತೆ ಒಂದು ಸಂಗತಿ ಮುಗಿದ ತಕ್ಷಣ ಇನ್ನೊಂದಕ್ಕೆ ಹಾರಬೇಡಿ. ಜನ ಪಕ್ಕದವರ ಕಡೆ ತಿರುಗುತ್ತಾರೆ, ಮೊಣಕೈಯಿಂದ ತಿವಿಯುತ್ತಾರೆ, "ನೀನೇ ಇದು" ಅನ್ನುತ್ತಾರೆ. ಗಂಡ ಹೆಂಡತಿಗೆ ತೋರಿಸುತ್ತಾನೆ, ಹೆಂಡತಿ ಗಂಡನಿಗೆ ತೋರಿಸುತ್ತಾಳೆ, ಅದೇ ನಿಜವಾದ ನಗು, ಅದಕ್ಕೆ ಜಾಗ ಬಿಡಬೇಕು. ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ನನ್ನದೊಂದು ಅಳತೆ ಇದೆ, ಅದು ಓದುವಾಗ ಬಂದು ಕೇಳಿದರೆ ಗೊತ್ತಾಗುತ್ತದೆ.

ಓದು ಮುಗಿದ ಮೇಲೆ ಜನ ಬಂದು ತಮ್ಮ ಸಂಗತಿ ಹೇಳುತ್ತಾರೆ. ಅವರ ಒಪ್ಪಿಗೆ ಕೇಳಿಯೇ ಕಚ್ಚಾ ಪುಸ್ತಕಕ್ಕೆ ಹಾಕುತ್ತೇನೆ, ಅಚ್ಚಾದರೆ ಒಂದು ಪ್ರತಿ ಕಳಿಸುತ್ತೇನೆ. ಒಬ್ಬ ಅಜ್ಜಿ ಹೇಳಿದ್ದು ಈಗ ಎರಡನೇ ಪುಸ್ತಕದಲ್ಲಿದೆ: ಅವರ ಮನೆಯವರು ಕಳೆದ ಫೋನನ್ನು ಹುಡುಕಲು ಅದೇ ಫೋನಿನ ಟಾರ್ಚ್ ಹಾಕಿ ಮಂಚದ ಕೆಳಗೆ ಬಗ್ಗಿದ್ದರಂತೆ, ಅಜ್ಜಿ ಪೂರ್ತಿ ಹುಡುಕಲಿ ಅಂತ ಸುಮ್ನೆ ಕೂತಿದ್ದರಂತೆ. ಅವರು ಅಷ್ಟು ಹೊತ್ತು ಏನನ್ನು ನೋಡುತ್ತ ಕೂತಿದ್ದರು ಅನ್ನುವ ಒಂದು ವಾಕ್ಯ ನನಗೆ ಇನ್ನೂ ಸಿಕ್ಕಿಲ್ಲ. ಈ ವಾರ ಅವರಿಗೆ ಫೋನ್ ಮಾಡಿ ಕೇಳಬೇಕು.